ಓದು ಬಾರದ ಅಜ್ಜಿಗೆ 30ಕ್ಕೆ 17 ಬಂದರೆ ಮರೆವಿನ ಕಾಯಿಲೆ ಅನ್ನಬಹುದಾ?

ಕೆರೆಯಂಗಳ (ಪ್ರಶ್ನೆ):
ಶ್ರೀನಿವಾಸಪುರ, ಮುಳಬಾಗಿಲು ಕಡೆ ಹಳ್ಳಿಗಳಲ್ಲಿ 60 ದಾಟಿದವರ ನೆನಪಿನ ತಪಾಸಣೆ ಮಾಡುವವರನ್ನು ಕೇಳ್ತಿದ್ದೇನೆ. 30 ಅಂಕದ ಎಂಎಂಎಸ್‌ಇ ಅನ್ನುವ ನೆನಪು-ಬುದ್ಧಿ ಪರೀಕ್ಷೆಯ ಹಾಳೆ ಹಿಡಿದರೆ ಶಾಲೆ ಕಾಣದ ಹೆಂಗಸರಿಗೆ 17, 18 ದಾಟುವುದೇ ಕಷ್ಟ. ಅದೇ ಅಜ್ಜಿ ಡೇರಿಗೆ ಹಾಕಿದ ಹಾಲಿನ ಲೆಕ್ಕ ಪೈಸೆ ತಪ್ಪದೆ ಹೇಳ್ತಾರೆ. ಅಂಕ ನಂಬುವುದಾ, ಅಜ್ಜಿಯನ್ನ ನಂಬುವುದಾ? ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಏನೇನು ನೋಡಬೇಕು?

ಹುಣಸೆಮರ:
ಅಜ್ಜಿಯನ್ನೇ ನಂಬಿ. ಓದುವುದು, ವಾಕ್ಯ ಬರೆಯುವುದು, ಚಿತ್ರ ನಕಲು, 100ರಿಂದ ಏಳೇಳು ಕಳೆಯುವುದು, ಇವಕ್ಕೇ ಆ ಹಾಳೆಯಲ್ಲಿ 8 ಅಂಕ. ಸ್ಲೇಟು ಹಿಡಿಯದವರಿಗೆ ಅವು ಕೂರುವ ಮೊದಲೇ ಹೋದ ಹಾಗೆ. ಓದು ಬಾರದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿದ ಅದರ ಹಿಂದಿ ರೂಪ ಎಚ್‌ಎಂಎಸ್‌ಇ ಇದೆ. ಅದರಲ್ಲಿ ಬರೆಯಿಸುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪರೀಕ್ಷಾ ಕಟ್ಟು ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ.

ಭಾಷೆಯಲ್ಲೇ ಹೆಚ್ಚು ಎಡವುವುದು. ಮನೆಮಾತು ತೆಲುಗಾದವರನ್ನು ಕನ್ನಡದಲ್ಲಿ ಕೇಳಿದರೆ ಅಂಕ ಇಳಿಯುತ್ತದೆ. ಮೊಮ್ಮಕ್ಕಳನ್ನ ಬೈಯುವುದು ಯಾವ ಭಾಷೆಯಲ್ಲಿ ಅಂತ ವಿಚಾರಿಸಿ, ಪರೀಕ್ಷೆ ಅದರಲ್ಲೇ ಮಾಡಿ. ನೆನಪಿಡಲು ಕೊಟ್ಟ ಮೂರು ಪದಗಳನ್ನು ಯಾವ ಭಾಷೆಯಲ್ಲಿ ಹೇಳಿದರೂ ಅಂಕ ಕೊಡಿ.

ಅಂಕ ಎಷ್ಟೇ ಬರಲಿ, ದಿನದ ಕೆಲಸ ಕೆಟ್ಟಿದೆಯಾ ಅಂತ ಮನೆಯವರನ್ನ ಕೇಳಲೇಬೇಕು. ಸಾರಿಗೆ ಎರಡು ಸಲ ಉಪ್ಪು, ಸಂತೆಯಿಂದ ಬರುವಾಗ ದಾರಿ ತಪ್ಪಿದ್ದು, ಪಿಂಚಣಿ ದುಡ್ಡು ಎಣಿಸಲಾಗದೆ ಒದ್ದಾಡಿದ್ದು. ಮೊದಲು ಬರುತ್ತಿದ್ದು ಈಗ ಬಾರದಿದ್ದರೆ ಮಾತ್ರ ಲೆಕ್ಕಕ್ಕೆ. ಎಂದೂ ದುಡ್ಡು ಮುಟ್ಟದವರನ್ನು ದುಡ್ಡಿನ ಬಗ್ಗೆ ಕೇಳಿ ಪ್ರಯೋಜನವಿಲ್ಲ.

ಪೇಟೆಬೀದಿ:
ಹಾಳೆ ತೆಗೆಯುವ ಮುಂಚೆ ಕಿವಿ ನೋಡಿ. ಹಿಂದೆ ಒಂದು ತೋಳಿನಷ್ಟು ದೂರ ನಿಂತು ಮೂರು ಅಂಕಿ ಪಿಸುಗುಟ್ಟಿ, ತಿರುಗಿ ಹೇಳಿಸಿ. ಗುಗ್ಗೆ ಕಟ್ಟಿದ್ದರೆ ಅದನ್ನು ಕರಗಿಸುವ ಹನಿ 3ರಿಂದ 5 ದಿನ ಹಾಕಿಸಿ, ಡಾಕ್ಟರ್ ಹತ್ತಿರ ತೆಗೆಸಿ; ಹೇರ್‌ಪಿನ್ನು ಬೇಡ. ಕೇಳಿಸದ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ಅದು ಮರೆವಲ್ಲ. ವೈದ್ಯಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ಕಾರಣವಾಗುವ ಆದರೆ ತಡೆಯಬಹುದಾದ 14 ಅಂಶಗಳಲ್ಲಿ ಕಿವುಡು ಮತ್ತು ರಕ್ತದ ಎಲ್‌ಡಿಎಲ್ (ಕೆಟ್ಟ) ಕೊಬ್ಬು ಎರಡಕ್ಕೂ ತಲಾ ಶೇ 7ರ ಪಾಲು, ಎಲ್ಲಕ್ಕಿಂತ ಹೆಚ್ಚು.

ಆಮೇಲೆ ಮಾತ್ರೆ ಚೀಲ ಸುರಿಸಿ. ನರನೋವಿನ ಅಮಿಟ್ರಿಪ್ಟಿಲಿನ್, ನೆಗಡಿಯ ಕ್ಲೋರ್‌ಫೆನಿರಮಿನ್, ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಇವೆಲ್ಲ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ಮಿದುಳಿನ ರಾಸಾಯನಿಕಕ್ಕೆ ಅಡ್ಡಗಟ್ಟುತ್ತವೆ. ಆದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ನುಂಗಿ ರಾತ್ರಿ ಊಟ ಬಿಟ್ಟವರು ಬೆಳಗ್ಗೆ ತಡಬಡಿಸುವುದು ಸಕ್ಕರೆ ಇಳಿದದ್ದರಿಂದ ಇರಬಹುದು. ಆಗಲೇ ಬೆರಳು ಚುಚ್ಚಿ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ನರಕ್ಕೆ ಬೇಕಾದ ವಿಟಮಿನ್ ಬಿ12 ಇಳಿಯಬಹುದು. ಮುದ್ದೆ, ಬಸ್ಸಾರಿನಲ್ಲಿ ಬಿ12 ಇಲ್ಲ. ಹಾಲು, ಮೊಟ್ಟೆ, ಮಾಂಸದಲ್ಲಿದೆ. ಬಿ12 ನೋಡದೆ ಫೋಲಿಕ್ ಮಾತ್ರೆ ಒಂದನ್ನೇ ಕೊಟ್ಟರೆ ರಕ್ತ ಸರಿಹೋದಂತೆ ಕಾಣುತ್ತದೆ, ನರ ಹಾಳಾಗುತ್ತಲೇ ಇರುತ್ತದೆ. ಜೊತೆಗೆ ಥೈರಾಯ್ಡ್, ಸೋಡಿಯಂ ರಕ್ತ ಪರೀಕ್ಷೆಗೂ ಬರೆಸಿ.

ಹುಣಸೆಮರ:
ಒಂದು ಬಿಟ್ಟುಹೋಗಿತ್ತು. ಗೊಂದಲ ಒಂದೆರಡು ದಿನದಲ್ಲಿ ಶುರುವಾಗಿ, ಒಮ್ಮೆ ಸರಿ ಒಮ್ಮೆ ಮಂಪರು ಆಗ್ತಿದ್ದರೆ ಹಾಳೆ ಮುಟ್ಟಲೇಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿಲ್ಲದೆ ಒಣಗಿದ್ದು, ಪಾರ್ಶ್ವವಾಯು, ಏನೂ ಇರಬಹುದು. ಅದೇ ದಿನ ಆಸ್ಪತ್ರೆ.

ಕೆರೆಯಂಗಳ:
ಎರಡು ಭಾಷೆ ಆಡುವವರಿಗೆ ಮರೆವು ತಡವಾಗಿ ಬರುತ್ತಂತಲ್ಲ? ಹಾಗಿದ್ದರೆ ನಮ್ಮ ಕಡೆಯವರೆಲ್ಲ ಗೆದ್ದಂತೆ.

ಪೇಟೆಬೀದಿ:
ಹೈದರಾಬಾದಿನಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದ 648 ಜನರನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು ಅದು. ಎರಡು ಭಾಷೆಯವರಲ್ಲಿ ಲಕ್ಷಣ ಸುಮಾರು 4.5 ವರ್ಷ ತಡ, ಓದು ಬಾರದವರಲ್ಲೂ ವ್ಯತ್ಯಾಸ ಕಂಡಿತ್ತು. ಆದರೆ ಅವರೆಲ್ಲ ಆಸ್ಪತ್ರೆಗೆ ಬಂದವರು. ಹಳ್ಳಿಯಲ್ಲೇ ಉಳಿದವರ ಲೆಕ್ಕ ಅದರಲ್ಲಿಲ್ಲ. ಅದಕ್ಕೆ ಜನರ ನಡುವೆಯೇ ಇದ್ದು ವರ್ಷಗಟ್ಟಲೆ ನೋಡಬೇಕು. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲ್ಲೂಕಿನಲ್ಲೇ 45 ದಾಟಿದವರನ್ನು ಹಾಗೆ ಹಿಂಬಾಲಿಸುತ್ತಿದೆ.