ಹುಬ್ಬಳ್ಳಿ-ಧಾರವಾಡದ ಬಿಸಿಲಿಗೆ ಯಾವ ಲಿಕ್ವಿಡ್ ಕೂಲರ್? 240 ಸಾಕಾ, 360 ಬೇಕಾ?

ಪ್ರಶ್ನೆ (ಧಾರವಾಡ, ಮದುವೆ ವಿಡಿಯೋ ಸ್ಟುಡಿಯೋ):
ನಮಸ್ಕಾರ ಸರ್. ಹೋದ ವರ್ಷ ಕೋರ್ ಐ7-14700ಕೆ ಪ್ರೊಸೆಸರ್ ಹಾಕಿಸಿ ಹೊಸ ಕಂಪ್ಯೂಟರ್ ಮಾಡಿಸಿದೆ. ಒಂದೇ ಫ್ಯಾನಿನ ಸಣ್ಣ ಏರ್ ಕೂಲರ್ ಇದೆ. ಚಳಿಗಾಲದಲ್ಲಿ ಹೇಗೋ ನಡೆಯಿತು. ಈಗ ಲಗ್ನದ ಸೀಸನ್, ಜೊತೆಗೆ ಈ ಬಿಸಿಲು. ರೆಂಡರ್‌ಗೆ (ಎಡಿಟ್ ಮಾಡಿದ ವಿಡಿಯೋವನ್ನು ಕೊನೆಯ ಫೈಲ್ ಆಗಿ ತೆಗೆಯಲು) ಇಟ್ಟು ಎರಡು ನಿಮಿಷ ಆಗುವಷ್ಟರಲ್ಲಿ 100 ಡಿಗ್ರಿ ತೋರಿಸುತ್ತದೆ, ಸ್ಪೀಡ್ ಇಳಿಯುತ್ತದೆ. ಒಂದು ಅಂಗಡಿಯಲ್ಲಿ 240ರ ಲಿಕ್ವಿಡ್ ಕೂಲರ್ ಸಾಕು ಅಂದರು. ಇನ್ನೊಂದು ಕಡೆ ಡಿಸ್‌ಪ್ಲೇ ಇರುವ 360 ತೋರಿಸಿದರು, ಬೆಲೆ ಕೇಳಿ ಎದೆ ಧಸಕ್ಕಂತು. ನೀರು ಸೋರಿ ಗ್ರಾಫಿಕ್ಸ್ ಕಾರ್ಡ್ ಹೋದರೆ ಏನು ಮಾಡುತ್ತೀರಿ ಅಂತ ಮನೆಯವರ ಭಯ ಬೇರೆ. ಯಾವುದು ತಗೊಳ್ಳಲಿ?

ಉತ್ತರ:
ನಮಸ್ಕಾರ ರೀ. ಹುಬ್ಬಳ್ಳಿಯಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದೇ ನನ್ನ ಕೆಲಸ. ನಿಮ್ಮ ಕೆಲಸಕ್ಕೆ 360, ಅಂದರೆ ಮೂರು ಫ್ಯಾನಿನದು ತಗೊಳ್ಳಿ. ಡಿಸ್‌ಪ್ಲೇ ಬೇಡ. ಆದರೆ ದುಡ್ಡು ಕೊಡುವ ಮೊದಲು ಖರ್ಚಿಲ್ಲದ ಎರಡು ಕೆಲಸ ಮಾಡಿ.

ಮೊದಲನೆಯದು ಬಯೋಸ್ ಅಪ್‌ಡೇಟ್. ಬಯೋಸ್ ಅಂದರೆ ಮದರ್‌ಬೋರ್ಡ್‌ನ ಒಳಗೇ ಇರುವ ಸಾಫ್ಟ್‌ವೇರ್. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಿಗೆ ವೋಲ್ಟೇಜ್ ಜಾಸ್ತಿ ಹೋಗಿ ಹಾಳಾಗುವ ತೊಂದರೆ ಇತ್ತು. ಅದಕ್ಕೆ 2024ರ ಆಗಸ್ಟ್‌ನಿಂದ ಇಂಟೆಲ್ ತಿದ್ದುಪಡಿ ಕೊಟ್ಟಿದೆ, ಬಾಕ್ಸ್‌ನಲ್ಲಿ ಬಂದ ಪ್ರೊಸೆಸರ್‌ಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದೆ. ಆ ತಿದ್ದುಪಡಿ ಬರುವುದು ಬಯೋಸ್ ಮೂಲಕ. ಎಂಥಾ ಕೂಲರ್ ಹಾಕಿದರೂ ಈ ತೊಂದರೆ ಅದರಿಂದ ಹೋಗುವುದಿಲ್ಲ.

ಎರಡನೆಯದು ವ್ಯಾಟ್ ಮಿತಿ. ನಿಮ್ಮ 14700ಕೆಗೆ ಬೇಸ್ 125 ವ್ಯಾಟ್, ಟರ್ಬೋದಲ್ಲಿ 253 ವ್ಯಾಟ್ ಅಂತ ಇಂಟೆಲ್ ಹೇಳಿದೆ. ಆದರೆ ಎಷ್ಟೋ ಮದರ್‌ಬೋರ್ಡ್‌ಗಳು ಹಳೇ ಬಯೋಸ್‌ನಲ್ಲಿ ಈ ಮಿತಿಯನ್ನೇ ತೆಗೆದು ಬಿಟ್ಟಿರುತ್ತವೆ. ಪ್ರೊಸೆಸರ್ ಎಳೆದಷ್ಟು ಎಳೆಯುತ್ತದೆ. ಬಯೋಸ್‌ಗೆ ಹೋಗಿ 200 ವ್ಯಾಟ್‌ಗೆ ಕಟ್ಟಿಹಾಕಿ. ಒಂದು ಗಂಟೆಯ ರೆಂಡರ್‌ನಲ್ಲಿ ಕೆಲವೇ ನಿಮಿಷದ ವ್ಯತ್ಯಾಸ ಬರುತ್ತದೆ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಈಗ 100 ಡಿಗ್ರಿಗೆ ಹೋಗಿ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತಿದೆಯಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ.

ಇನ್ನು ಕೂಲರ್ ವಿಷಯ. ಯೂಟ್ಯೂಬ್‌ನಲ್ಲಿ "ಈ ಕೂಲರ್ 75 ಡಿಗ್ರಿ, ಅದು 79 ಡಿಗ್ರಿ" ಅಂತ ಹೋಲಿಸುತ್ತಾರೆ. ಅದನ್ನು ನೋಡಿ ಇಲ್ಲಿ ಕೊಂಡವರು ಆಮೇಲೆ ನನ್ನ ಹತ್ತಿರ ಬಂದು ಬೇಜಾರು ಮಾಡಿಕೊಳ್ಳುತ್ತಾರೆ. ಆ ಪರೀಕ್ಷೆಗಳು ನಡೆಯುವುದು ಹೆಚ್ಚಾಗಿ 21-23 ಡಿಗ್ರಿಯ ಎಸಿ ಕೋಣೆಯಲ್ಲಿ. ಏಪ್ರಿಲ್ ಮಧ್ಯಾಹ್ನ ನಿಮ್ಮ ಸ್ಟುಡಿಯೋ ಎಷ್ಟಿರುತ್ತದೆ? ತಗಡಿನ ಮಾಡು ಇದ್ದರೆ 36ರ ಕೆಳಗೆ ಇರುವುದೇ ಇಲ್ಲ. ನೀರಿನ ಕೂಲರ್ ಅಂದರೆ ಫ್ರಿಜ್ ಅಲ್ಲ. ಅದು ಪ್ರೊಸೆಸರ್‌ನ ಬಿಸಿಯನ್ನು ನೀರಿಗೆ ಕೊಟ್ಟು, ರೇಡಿಯೇಟರ್‌ಗೆ ಒಯ್ದು, ಅಲ್ಲಿಂದ ಕೋಣೆಯ ಗಾಳಿಗೆ ಬಿಡುತ್ತದೆ, ಅಷ್ಟೇ. ಕೋಣೆಗಿಂತ ತಣ್ಣಗೆ ಯಾವತ್ತೂ ಆಗುವುದಿಲ್ಲ. ಕೋಣೆ 14 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ 14 ಡಿಗ್ರಿ ಮೇಲೆ ಹೋಗುತ್ತದೆ. ಅಲ್ಲಿನ 75 ಇಲ್ಲಿ 89. ಹಾಗಾಗಿ ಯಾವ ಹೋಲಿಕೆ ನೋಡಿದರೂ ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ಅಂತ ಲೆಕ್ಕ ಹಾಕಿ, ಅದಕ್ಕೆ ನಿಮ್ಮ ಕೋಣೆಯ ಬಿಸಿ ಕೂಡಿಸಿ.

ಇನ್ನೊಂದು ಮೋಸ ಇದೆ. ನೀರು ಬಿಸಿಯಾಗಲು ಸಮಯ ತಗೊಳ್ಳುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಸಣ್ಣ 240 ಕೂಡ ಜೋರಾಗಿಯೇ ಕಾಣುತ್ತದೆ. ಹದಿನೈದು-ಇಪ್ಪತ್ತು ನಿಮಿಷ ಆದಮೇಲೆ ನೀರು ಕಾದು ನಿಜವಾದ ಬಣ್ಣ ಗೊತ್ತಾಗುತ್ತದೆ. ನಿಮ್ಮದು ಮುಕ್ಕಾಲು ಗಂಟೆ, ಒಂದು ಗಂಟೆಯ ರೆಂಡರ್. ಅರ್ಧ ಗಂಟೆ ಓಡಿಸಿದ ಪರೀಕ್ಷೆ ಇದ್ದರೆ ಮಾತ್ರ ನಂಬಿ.

240, 280, 360 ಅಂದರೆ ರೇಡಿಯೇಟರ್ ಮೇಲೆ ಸಾಲಾಗಿ ಕೂರುವ ಫ್ಯಾನ್‌ಗಳ ಒಟ್ಟು ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. ರೇಡಿಯೇಟರ್ ಅದಕ್ಕಿಂತ ಸ್ವಲ್ಪ ಉದ್ದವೇ ಇರುತ್ತದೆ. 240ರಲ್ಲಿ 120ರ ಎರಡು ಫ್ಯಾನ್, 360ರಲ್ಲಿ ಮೂರು. 280ರಲ್ಲಿ 140ರ ಎರಡು. ಅಗಲ ಉದ್ದ ಗುಣಿಸಿ ನೋಡಿ: 240ಕ್ಕೆ 288 ಚದರ ಸೆಂ.ಮೀ., 280ಕ್ಕೆ 392, 360ಕ್ಕೆ 432. 280 ಸುಮಾರಾಗಿ 360ರ ಹತ್ತಿರವೇ ಇದೆ ಅನ್ನುವುದು ಬಹಳ ಜನರಿಗೆ ಗೊತ್ತೇ ಇಲ್ಲ. ನಿಮ್ಮ ಕ್ಯಾಬಿನೆಟ್‌ನಲ್ಲಿ 360 ಕೂರದಿದ್ದರೆ 280 ಹುಡುಕಿ, 240ಕ್ಕೆ ಇಳಿಯಬೇಡಿ.

ಯಾವ ಕಂಪನಿ? ಬರೀ ತಂಪಿನ ಲೆಕ್ಕದಲ್ಲಿ ನನ್ನ ಆಯ್ಕೆ ಆರ್ಕ್‌ಟಿಕ್ ಲಿಕ್ವಿಡ್ ಫ್ರೀಜರ್ 3ರ 360. ರೇಡಿಯೇಟರ್ 38 ಮಿ.ಮೀ. ದಪ್ಪ, ಬೇರೆಯವರದ್ದು ಸಾಮಾನ್ಯವಾಗಿ 27. ಪ್ರೊಸೆಸರ್ ಮೇಲೆ ಕೂರುವ ಪಂಪ್‌ಗೆ ಒಂದು ಪುಟ್ಟ ಫ್ಯಾನ್ ಇದೆ. ಅದು ಪ್ರೊಸೆಸರ್ ಸುತ್ತ ಇರುವ ವೋಲ್ಟೇಜ್ ಭಾಗಗಳಿಗೂ ಗಾಳಿ ಕೊಡುತ್ತದೆ. ನಮ್ಮ ಬಿಸಿಲಿಗೆ ಅದು ನಿಜಕ್ಕೂ ಉಪಯೋಗ. ವಾರಂಟಿ 6 ವರ್ಷ. ಆದರೆ ಆ ದಪ್ಪವೇ ತೊಂದರೆ ಕೂಡ: ಫ್ಯಾನ್ ಸೇರಿ 63 ಮಿ.ಮೀ. ಆಗುತ್ತದೆ. ಕ್ಯಾಬಿನೆಟ್ ಮೇಲ್ಭಾಗದಿಂದ ಮದರ್‌ಬೋರ್ಡ್‌ವರೆಗೆ ಸ್ಕೇಲ್ ಇಟ್ಟು ಅಳೆದೇ ಆರ್ಡರ್ ಮಾಡಿ. ಎತ್ತರದ ರ‍್ಯಾಮ್ ಇದ್ದರೆ ತಾಗುತ್ತದೆ.

ಕೋರ್ಸೇರ್, ಎನ್‌ಝಡ್‌ಎಕ್ಸ್‌ಟಿ ಇವೂ ಒಳ್ಳೆಯವೇ. ಆದರೆ ಅವುಗಳ ಬೆಲೆಯಲ್ಲಿ ಒಂದು ಪಾಲು ಲೈಟು, ಡಿಸ್‌ಪ್ಲೇ, ಸಾಫ್ಟ್‌ವೇರ್‌ಗೆ ಹೋಗುತ್ತದೆ. ನಿಮ್ಮ ಕಂಪ್ಯೂಟರ್ ಟೇಬಲ್ ಕೆಳಗೆ ಕೂತಿರುತ್ತದೆ ಅಲ್ವಾ? ಆ ದುಡ್ಡಿಗೆ ಇನ್ನೊಂದು ಹಾರ್ಡ್ ಡಿಸ್ಕ್ ತಗೊಂಡು ಲಗ್ನದ ವಿಡಿಯೋಗಳ ಬ್ಯಾಕಪ್ ಇಡಿ.

ಸೋರುವ ಭಯದ ಬಗ್ಗೆ ಸುಳ್ಳು ಹೇಳುವುದಿಲ್ಲ. ನಾನು ಕೈಯಾರೆ ಬಿಚ್ಚಿದ ಒಂದು ಕೇಸ್ ಇದೆ. ಪೈಪ್ ಪಂಪ್‌ಗೆ ಸೇರುವ ಜಾಗದಲ್ಲಿ ಹನಿ ಹನಿಯಾಗಿ ಇಳಿದು, ಗ್ರಾಫಿಕ್ಸ್ ಕಾರ್ಡ್‌ನ ಹಿಂಬದಿಯ ಮೇಲೆ ಹಸಿರು ಕಲೆ ಬಿದ್ದಿತ್ತು. ಕಾರ್ಡ್ ಉಳಿಯಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ನಾನು ಸೋರಿದ್ದು ನೋಡಿರುವುದು ತೀರಾ ಕಡಿಮೆ. ಪಂಪ್ ನಿಂತು ಹೋಗಿದ್ದು ಅದಕ್ಕಿಂತ ಜಾಸ್ತಿ. ರಬ್ಬರ್ ಪೈಪ್ ಮೂಲಕ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಇದು ಯಾವ ಕಂಪನಿಯದ್ದಾದರೂ ತಪ್ಪದು. ಅದಕ್ಕೇ ಇವಕ್ಕೆ ಐದಾರು ವರ್ಷದ ಆಯಸ್ಸು ಅಂತ ಇಟ್ಟುಕೊಳ್ಳಿ. ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಸೋರಿ ಬೇರೆ ಭಾಗ ಹಾಳಾದರೆ ಅದನ್ನೂ ಕೊಡುತ್ತೀರಾ? ಬಾಯಿ ಮಾತು ಬೇಡ, ವಾರಂಟಿ ಕಾಗದದಲ್ಲಿ ಬರೆದಿದ್ದು ಓದಿ.

ಮತ್ತೆ, ಈಗಿನ ಸಣ್ಣ ಏರ್ ಕೂಲರ್ ಎಸೆಯಬೇಡಿ, ಸ್ಟೆಪ್ನಿ ತರಹ ಇಟ್ಟುಕೊಳ್ಳಿ. ಕೂಲರ್ ವಾರಂಟಿಗೆ ಹೋದ ದಿನಗಳಲ್ಲಿ ಕೆಲಸ ನಿಲ್ಲಬಾರದು.

ಪ್ರಶ್ನೆ (ಗದಗ, ಎಂಜಿನಿಯರಿಂಗ್ ವಿದ್ಯಾರ್ಥಿ):
ಅಣ್ಣಾ, ನನ್ನದು ರೈಜೆನ್ 7 7800ಎಕ್ಸ್3ಡಿ. ಗೇಮ್ ಮತ್ತು ಸ್ವಲ್ಪ ಕೋಡಿಂಗ್. ನಾನೂ 360 ಹಾಕಲಾ?

ಉತ್ತರ:
ಬೇಡ ತಮ್ಮಾ. ನಿನ್ನ ಪ್ರೊಸೆಸರ್‌ಗೆ 120 ವ್ಯಾಟ್ ಅಂತ ಬರೆದಿದ್ದರೂ ಗೇಮ್‌ನಲ್ಲಿ ಅದು ತಗೊಳ್ಳುವುದು ಅದಕ್ಕಿಂತ ಬಹಳ ಕಡಿಮೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಅಥವಾ ಡೀಪ್‌ಕೂಲ್ ಎಕೆ620, ಎರಡು ಟವರ್ ಇರುವ ಇಂಥ ಏರ್ ಕೂಲರ್ ಧಾರಾಳ ಸಾಕು. ಇದರಲ್ಲಿ ಪಂಪ್ ಇಲ್ಲ, ನೀರಿಲ್ಲ. ಕೆಟ್ಟರೆ ಫ್ಯಾನ್ ಒಂದೇ, ಅದನ್ನು ನೀನೇ ಬದಲಿಸಬಹುದು. ಕೂಲರ್‌ನ ಎತ್ತರ ಕ್ಯಾಬಿನೆಟ್ ಅಗಲದೊಳಗೆ ಕೂರುತ್ತದಾ ಅಂತ ಮಾತ್ರ ನೋಡು: ಮೊದಲನೆಯದು 155 ಮಿ.ಮೀ. ಎತ್ತರ, ಎರಡನೆಯದು 160.

ಒಂದು ಕಡೆ ಮಾತ್ರ ಏರ್ ಕೂಲರ್ ಸೋಲುತ್ತದೆ. ರಜೆಗೆ ಹುಬ್ಬಳ್ಳಿಯ ಹಾಸ್ಟೆಲ್‌ನಿಂದ ಗದಗಕ್ಕೆ ಕಂಪ್ಯೂಟರ್ ಒಯ್ಯುವವನಾದರೆ, ಒಂದು ಕಿಲೋ ಭಾರ ಮದರ್‌ಬೋರ್ಡ್‌ನಿಂದ ಜೋತಾಡುತ್ತಾ ಬರುತ್ತದೆ. ಕ್ಯಾಬಿನೆಟ್ ಮಲಗಿಸಿ ಒಯ್ಯಿ, ಮದರ್‌ಬೋರ್ಡ್ ಕೆಳಗೆ ಬರುವ ಹಾಗೆ. ಆಗ ತೂಕ ನೇರ ಕೆಳಗೆ ಬೀಳುತ್ತದೆ.

ಪ್ರಶ್ನೆ (ಬ್ಯಾಡಗಿ, ಅಕೌಂಟ್ಸ್ ಕೆಲಸ):
ಸರ್, ನಮ್ಮ ಆಫೀಸಿನ ಕಂಪ್ಯೂಟರ್‌ಗೆ ಮೊದಲಿಂದಲೂ 240ರ ಲಿಕ್ವಿಡ್ ಕೂಲರ್ ಇದೆ. ಎರಡು ವರ್ಷ ಚೆನ್ನಾಗಿತ್ತು. ಈಗ ಬರೀ ಟ್ಯಾಲಿ ತೆಗೆದರೂ ಫ್ಯಾನ್ ಕೂಗುತ್ತದೆ. ಕೂಲರ್ ಹೋಯಿತಾ?

ಉತ್ತರ:
ಬಹುಶಃ ಹೋಗಿಲ್ಲ ಸರ್, ಉಸಿರು ಕಟ್ಟಿದೆ. ನಿಮ್ಮ ಊರಿನದ್ದೇ ಒಂದು ಕಂಪ್ಯೂಟರ್ ಹಿಂದೆ ನನ್ನ ಟೇಬಲ್ ಮೇಲೆ ಬಂದಿತ್ತು, ಮೆಣಸಿನಕಾಯಿ ಮಾರ್ಕೆಟ್ ಪಕ್ಕದ ಆಫೀಸಿನದು. ಮುಂದಿನ ಜಾಲರಿ ತೆಗೆದರೆ ರೇಡಿಯೇಟರ್ ಕಾಣುವುದೇ ಇಲ್ಲ. ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಕೆಂಪು ಧೂಳು ಕಂಬಳಿ ತರಹ ಕೂತಿತ್ತು. ಫ್ಯಾನ್‌ನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ ಅದು ಒಂದೇ ಹಾಳೆಯಾಗಿ ಎದ್ದು ಬಂತು. ಉಳಿದಿದ್ದಕ್ಕೆ ಬ್ಲೋವರ್ ಹಿಡಿದೆ ನೋಡಿ, ಅಂಗಡಿಯಲ್ಲಿದ್ದವರೆಲ್ಲ ಕೆಮ್ಮುತ್ತಾ ರಸ್ತೆಗೆ ಹೋದರು. ಧೂಳು ತೆಗೆದು ಜೋಡಿಸಿದ ಮೇಲೆ ಅದೇ ಕೂಲರ್ 20 ಡಿಗ್ರಿ ಕಡಿಮೆ ತೋರಿಸಿತು.

ಹಾಗಾಗಿ ಮೊದಲು ಫ್ಯಾನ್ ಬಿಚ್ಚಿ ನೋಡಿ. ಹೊರಗಿನಿಂದ ಬ್ಲೋವರ್ ಹಿಡಿದರೆ ಧೂಳು ಇನ್ನೂ ಒಳಗೆ ಗಟ್ಟಿಯಾಗುತ್ತದೆ. ಫ್ಯಾನ್ ತೆಗೆದ ಮೇಲೆ ಎದುರು ಬದಿಯಿಂದ ಹಿಡಿಯಬೇಕು. ರೇಡಿಯೇಟರ್‌ನ ತೆಳು ರೆಕ್ಕೆಗಳನ್ನು ಬೆರಳಿನಿಂದ ಒತ್ತಬೇಡಿ, ಕಡ್ಡಿ ಹಾಕಿ ಚುಚ್ಚಬೇಡಿ, ಮಡಚಿಕೊಳ್ಳುತ್ತವೆ. ನಿಮ್ಮ ಕಡೆ ಎರಡು ತಿಂಗಳಿಗೊಮ್ಮೆ ಮಾಡಲೇಬೇಕು. ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ.

ಕ್ಲೀನ್ ಮಾಡಿದ ಮೇಲೂ ಹಾಗೇ ಇದ್ದರೆ ಪಂಪ್ ನೋಡಿ. ಎರಡು ಪೈಪ್‌ಗಳನ್ನೂ ಮುಟ್ಟಿ. ಪ್ರೊಸೆಸರ್ 90 ತೋರಿಸುತ್ತಿದ್ದರೂ ಪೈಪು, ರೇಡಿಯೇಟರ್ ತಣ್ಣಗಿದ್ದರೆ ನೀರು ಓಡುತ್ತಿಲ್ಲ ಅಂತಲೇ ಅರ್ಥ.

ಪ್ರಶ್ನೆ (ಹುಬ್ಬಳ್ಳಿ, ಮನೆಯಿಂದ 3ಡಿ ಡಿಸೈನ್):
ಸರ್, ಒಬ್ಬರು ಆರ್ಕ್‌ಟಿಕ್ ಲಿಕ್ವಿಡ್ ಫ್ರೀಜರ್ 2 ಸೆಕೆಂಡ್ ಹ್ಯಾಂಡ್ ಕೊಡುತ್ತೇನೆ ಅನ್ನುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ:
ಬೇಡ ಅಕ್ಕಾ. ಆ ಮಾಡೆಲ್‌ನ ಕೆಲವು ಹಳೇ ಬ್ಯಾಚ್‌ಗಳ ಗ್ಯಾಸ್ಕೆಟ್‌ನಲ್ಲಿ (ನೀರು ಸೋರದಂತೆ ತಡೆಯುವ ಸೀಲ್) ತೊಂದರೆ ಇದೆ ಅಂತ 2022ರಲ್ಲಿ ಕಂಪನಿಯೇ ಹೇಳಿ, ಸರ್ವಿಸ್ ಕಿಟ್ ಉಚಿತವಾಗಿ ಕೊಟ್ಟಿತ್ತು. ಹಾಗೆ ತಾನಾಗಿ ಹೇಳಿದ್ದಕ್ಕೆ ನನಗೆ ಆ ಕಂಪನಿ ಮೇಲೆ ಗೌರವ ಜಾಸ್ತಿಯೇ ಆಯಿತು. ಆದರೆ ನಿಮಗೆ ಮಾರುವವರು ಗ್ಯಾಸ್ಕೆಟ್ ಬದಲಿಸಿದ್ದಾರಾ ಇಲ್ಲವಾ ಹೇಗೆ ಗೊತ್ತಾಗಬೇಕು? ಯಾವ ಕಂಪನಿಯದ್ದೇ ಆಗಲಿ, ಲಿಕ್ವಿಡ್ ಕೂಲರ್ ಸೆಕೆಂಡ್ ಹ್ಯಾಂಡ್ ತಗೊಳ್ಳಬಾರದು. ಒಳಗೆ ನೀರು ಎಷ್ಟು ಉಳಿದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಏರ್ ಕೂಲರ್ ಆದರೆ ಕಣ್ಣು ಮುಚ್ಚಿ ತಗೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು:
ಸರ್, 360 ತಂದು ನಾವೇ ಕೂರಿಸಿದೆವು. ಬಯೋಸ್ ಅಪ್‌ಡೇಟ್ ಮಾಡಿ 200 ವ್ಯಾಟ್ ಇಟ್ಟೆ. ಇವತ್ತು ಮಧ್ಯಾಹ್ನ ಕೋಣೆ 35 ಇತ್ತು, 50 ನಿಮಿಷದ ರೆಂಡರ್‌ನಲ್ಲಿ 86ರ ಮೇಲೆ ಹೋಗಲಿಲ್ಲ. ಬಹಳ ಉಪಕಾರ ಆಯಿತು. ಆದರೆ ಆನ್ ಮಾಡಿದಾಗ ಒಳಗಿನಿಂದ ಗುಳುಗುಳು ಅಂತ ಶಬ್ದ ಬರುತ್ತದೆ. ಮೇಲೆ ಜಾಗ ಸಾಲಲಿಲ್ಲ, ರೇಡಿಯೇಟರ್ ಮುಂದೆ ಹಾಕಿದ್ದೇವೆ.

ಉತ್ತರ:
86 ನಮ್ಮ ಏಪ್ರಿಲ್‌ಗೆ ಬಹಳ ಒಳ್ಳೆಯ ನಂಬರ್. ಗುಳುಗುಳು ಅಂದರೆ ಒಳಗಿನ ಗಾಳಿಯ ಗುಳ್ಳೆ. ಎಲ್ಲಾ ಹೊಸ ಕೂಲರ್‌ನಲ್ಲೂ ಸ್ವಲ್ಪ ಗಾಳಿ ಇರುತ್ತದೆ, ಅದು ಯಾವಾಗಲೂ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಆ ಎತ್ತರದ ಜಾಗ ರೇಡಿಯೇಟರ್‌ನ ಮೇಲ್ತುದಿ ಆಗಿರಬೇಕು, ಪಂಪ್ ಆಗಬಾರದು. ಪಂಪ್‌ಗೆ ಗಾಳಿ ಸೇರಿದರೆ ಬೇಗ ಸವೆಯುತ್ತದೆ. ಮುಂದೆ ಹಾಕಿದ್ದೀರಲ್ಲ, ಪೈಪ್‌ಗಳು ರೇಡಿಯೇಟರ್‌ನ ಕೆಳತುದಿಯಿಂದ ಹೊರಟಿವೆಯಾ ನೋಡಿ. ಮೇಲಿನಿಂದ ಹೊರಟಿದ್ದರೆ ಬಿಚ್ಚಿ ತಿರುಗಿಸಿ ಹಾಕಬೇಕು.

ಪೈಪ್ ಕೆಳಗೇ ಇದ್ದರೆ ಕಂಪ್ಯೂಟರ್ ಓಡುತ್ತಿರುವಾಗಲೇ ಕ್ಯಾಬಿನೆಟ್ ಅನ್ನು ನಿಧಾನಕ್ಕೆ ಹಿಂದೆ ಮುಂದೆ ಸ್ವಲ್ಪ ವಾಲಿಸಿ. ಹಾರ್ಡ್ ಡಿಸ್ಕ್ ಇದ್ದರೆ ಕಂಪ್ಯೂಟರ್ ಆನ್ ಮಾಡುವ ಮೊದಲೇ ಅದರ ವೈರ್ ತೆಗೆದಿಡಿ. ಒಂದೆರಡು ದಿನದಲ್ಲಿ ಶಬ್ದ ನಿಲ್ಲುತ್ತದೆ. ಪಂಪ್ ಸ್ಪೀಡ್ ಬಯೋಸ್‌ನಲ್ಲಿ ಪ್ರೊಸೆಸರ್ ಬಿಸಿಗೆ ತಕ್ಕಂತೆ ಏರಿಳಿಯುವ ಹಾಗೆ ಇದ್ದರೆ ಒಂದೇ ಸಮ ಓಡುವ ಹಾಗೆ ಬದಲಿಸಿ.

ಪಕ್ಕದ ಗ್ಲಾಸ್ ತೆಗೆದು ಒಂದು ಫೋಟೋ ಹಾಕಿ, ಪೈಪ್ ಪೂರ್ತಿ ಕಾಣುವ ಹಾಗೆ. ಸಂಜೆ ಅಂಗಡಿ ಮುಚ್ಚುವ ಮೊದಲು ನೋಡಿ ಹೇಳುತ್ತೇನೆ.