54ಕ್ಕೇ ಪಿಂಚಣಿ ಬರೆಸಲಾ, 58ರ ತನಕ ಎಳೆಯಲಾ? ಅನುಭವ ಇದ್ದವರು ಹೇಳಿ

ಕಾರವಾರ ಲೋಡಿಂಗ್:
ಎಲ್ಲರಿಗೂ ನಮಸ್ಕಾರ. ನನಗೀಗ 54. ಕಾರವಾರದ ಹತ್ತಿರ ಒಂದು ಗೋದಾಮಿನಲ್ಲಿ ಗುತ್ತಿಗೆದಾರರ ಕೆಳಗೆ ಹಮಾಲಿ ಕೆಲಸ. 50 ಕೆಜಿ ಚೀಲ ಎತ್ತುವುದು, ಇಳಿಸುವುದು. 2002ರಿಂದ ಪಿಎಫ್ ಇದೆ. ಈಗ ಸೊಂಟದ ಡಿಸ್ಕ್ ಸರಿದಿದೆ. ಭಾರ ಎತ್ತಲೇಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಬೇರೆ ಹಗುರ ಕೆಲಸ ಕೊಡಿ ಅಂದರೆ ಇಲ್ಲ ಅಂದರು. ಮಗಳು ನರ್ಸಿಂಗ್ ಕೊನೆ ವರ್ಷದಲ್ಲಿದ್ದಾಳೆ. 50 ದಾಟಿದವರು ಕಡಿತ ಮಾಡಿಸಿಕೊಂಡು ಈಗಲೇ ಇಪಿಎಸ್ (ಪಿಎಫ್ ಜೊತೆಗೇ ಇರುವ ಪಿಂಚಣಿ ಯೋಜನೆ) ಪಿಂಚಣಿ ತಗೊಳ್ಳಬಹುದಂತೆ. "ಪೂರ್ತಿ ಪಿಂಚಣಿ ವಯಸ್ಸು 58 ಇರೋದನ್ನ 60 ಮಾಡ್ತಾರಂತೆ, ಬೇಗ ಬರೆಸಿಬಿಡು" ಅಂತ ಜೊತೆಯವರು ಹೆದರಿಸುತ್ತಾರೆ. ಮೊದಲೇ ತಗೊಂಡವರು, ಕಾದವರು ಹೇಗಿದ್ದೀರಿ? ಸ್ವಲ್ಪ ಹೇಳಿ.

ಅಂಕೋಲಾ ಬಾಯ್ಲರ್:
ನಾನು 2019ರಲ್ಲಿ, 53ಕ್ಕೇ ತಗೊಂಡವನು. 1998ರಿಂದ ಬಾಯ್ಲರ್‌ಗೆ ಕಟ್ಟಿಗೆ ಹಾಕುವ ಕೆಲಸ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 15,000. ಎಲ್ಲರೂ "15,000 ಗುಣಿಸು ವರ್ಷ, ಭಾಗಿಸು 70" ಅಂತ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆ ಲೆಕ್ಕದಲ್ಲಿ ನನಗೆ 21 ವರ್ಷಕ್ಕೆ ನಾಲ್ಕೂವರೆ ಸಾವಿರ ಬರಬೇಕಿತ್ತು. ಮನೆಯಲ್ಲಿ ಹಾಗೇ ಹೇಳಿಟ್ಟಿದ್ದೆ ಕೂಡ. ಆದರೆ 2014ರ ಸೆಪ್ಟೆಂಬರಿಗಿಂತ ಹಿಂದಿನ ಸರ್ವಿಸಿಗೆ 6,500ರ ಮೇಲೆ ಲೆಕ್ಕ. ನನ್ನ 16 ವರ್ಷ ಅದರಲ್ಲೇ ಹೋಯಿತು: 1,486 ರೂಪಾಯಿ. ಆಮೇಲಿನ 5 ವರ್ಷಕ್ಕೆ 1,071. ಒಟ್ಟು ಎರಡೂವರೆ ಸಾವಿರ. ಅದರ ಮೇಲೆ 58ಕ್ಕೆ ಕಮ್ಮಿ ಇದ್ದ ಐದು ವರ್ಷಕ್ಕೆ, ವರ್ಷಕ್ಕೆ ಶೇ 4ರಂತೆ ಕತ್ತರಿ. ಕೈಗೆ ಬಂದದ್ದು ಎರಡು ಸಾವಿರ ಚಿಲ್ಲರೆ. ಇವತ್ತಿಗೂ ಅಷ್ಟೇ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 58 ಆದ ಮೇಲೆ ಕಡಿತ ತೆಗೆಯುತ್ತಾರೆ ಅಂದುಕೊಂಡಿದ್ದರೆ ಅದೂ ಇಲ್ಲ, ಸಾಯುವ ತನಕ ಅದೇ.

ಆದರೂ ನನಗೆ ಬೇಜಾರಿಲ್ಲ. ನನ್ನ ಜೊತೆ ಬೆಂಕಿ ಮುಂದೆ ನಿಂತ ನಾಲ್ವರಲ್ಲಿ ಇಬ್ಬರು 58 ನೋಡಲೇ ಇಲ್ಲ. ನಾನು ಮನೆ ಹಿಂದೆ ಹರಿವೆ, ಬದನೆ ಹಾಕಿದ್ದೇನೆ. ಸೀಸನ್ನಿನಲ್ಲಿ ಕರಿ ಇಶಾಡು ಮಾವಿನ ಹಣ್ಣು ಮಾರುತ್ತೇನೆ. ರಾತ್ರಿ ಕೆಮ್ಮು ನಿಂತಿದೆ. ತಗೊಳ್ಳಿ ಮಾರಾಯ್ರೆ, ಸುಮ್ನೆ ಯೋಚನೆ ಮಾಡಬೇಡಿ.

ಶಿರಸಿ ಡ್ರೈವರ್:
ಅಂಕೋಲಾದವರು ಹೇಳಿದ್ದು ಕೇಳಿ ಕೆಲಸ ಬಿಡಬೇಡಿ. ನಾನು ಬಸ್ ಓಡಿಸಿದವನು, 60ರ ತನಕ ಓಡಿಸಿದೆ. 58ಕ್ಕೆ ಇಪಿಎಸ್ ಪಿಂಚಣಿ ಶುರುವಾಯಿತು, 60ರ ತನಕ ಸಂಬಳವೂ ಬಂತು. ಎರಡು ವರ್ಷ ಎರಡೂ ಕೈಗೆ! ಇನ್ನೊಂದು ವಿಷಯ ಅವರು ಹೇಳಲಿಲ್ಲ. 20 ವರ್ಷದ ಮೇಲೆ ಸರ್ವಿಸ್ ಇದ್ದು 58ರ ತನಕ ನಿಂತರೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ. ನಡುವೆ ಇಳಿದವರಿಗೆ ಅದು ಹೋಯಿತು.

ಲೆಕ್ಕ ಹಾಕಿ ತೋರಿಸುತ್ತೇನೆ. ನಿಮಗೆ 15,000 ಮಿತಿಯಲ್ಲೇ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಈಗ ಬರೆಸಿದರೆ 3,700ರ ಆಸುಪಾಸು ಬರಬೇಕಾದ್ದು ಕಡಿತ ಆಗಿ 3,100. ನಾಲ್ಕು ವರ್ಷ ಎಳೆದರೆ ಬೋನಸ್ ಸೇರಿ 4,900 ದಾಟುತ್ತದೆ. ತಿಂಗಳಿಗೆ 1,800 ವ್ಯತ್ಯಾಸ. ಈಗ ತಗೊಂಡರೆ 58ರೊಳಗೆ ಒಂದೂವರೆ ಲಕ್ಷ ಬಂದಿರುತ್ತದೆ, ಸರಿ. ಆದರೆ 65ಕ್ಕೆಲ್ಲ ಕಾದವನೇ ಮುಂದೆ.

ಸುಲಭಕ್ಕೆ ಎಳೆದಿಲ್ಲ ನಾನು. ದೇವಿಮನೆ ಘಟ್ಟದಲ್ಲಿ ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ಹೋಗಿದೆ. ಮೂತ್ರ ಕಟ್ಟಿಕೊಂಡು ಓಡಿಸಿ ಕಲ್ಲಾಯಿತು, ಹುಬ್ಬಳ್ಳಿಯಲ್ಲಿ ಆಪರೇಷನ್‌ಗೆ 62,000, ಆಮೇಲೆ ಒಳಗಿಟ್ಟ ಸ್ಟೆಂಟ್ ತೆಗೆಯಲಿಕ್ಕೆ ಬೇರೆ 9,000. ರಜೆ ಉಳಿದಿರಲಿಲ್ಲ, ಒಂದು ತಿಂಗಳು ಸಂಬಳ ಕಟ್. ಆದರೂ ಬಿಡಲಿಲ್ಲ.

ಅಂಕೋಲಾ ಬಾಯ್ಲರ್:
65ಕ್ಕೆ ಮುಂದೆ! ಹಮಾಲಿ ಮಾಡಿ 65 ದಾಟಿದವರು ನಿಮ್ಮ ಶಿರಸಿ ಪೇಟೆಯಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ ಹೇಳಿ ಡ್ರೈವರ್ ಸಾಹೇಬರೇ. ನೀವು ಕೂತು ಓಡಿಸಿದ್ದು.

ಶಿರಸಿ ಡ್ರೈವರ್:
ಕೂತು ಓಡಿಸಿದ್ದಾ? ಮಳೆಗಾಲದಲ್ಲಿ ವೈಪರ್ ನಿಂತ ಬಸ್ಸಿನಲ್ಲಿ ಐವತ್ತು ಜನರನ್ನು ಹಾಕಿಕೊಂಡು ಘಟ್ಟ ಇಳಿದು ನೋಡಿ, ಆಮೇಲೆ ಮಾತಾಡುವ.

ಗೋಕರ್ಣದಿಂದ:
ನಮ್ಮ ಮನೆಯವರು ಗಾರೆ ಮೇಸ್ತ್ರಿ. ಪಿಎಫ್ ಇಲ್ಲ ಎಂತದೂ ಇಲ್ಲ. ಕಟ್ಟಡ ಕಾರ್ಮಿಕರ ಕಾರ್ಡ್ ಇತ್ತು. ಅದರಲ್ಲಿ 60 ತುಂಬಿದರೆ ತಿಂಗಳಿಗೆ 3,000 ಪಿಂಚಣಿ, ಮೂರು ವರ್ಷ ಸದಸ್ಯರಾಗಿರಬೇಕು. ಕಾರ್ಡ್ ನವೀಕರಣಕ್ಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟು ಬೇಕು. ಮನೆ ಕಟ್ಟಿಸಿದವರ ಹತ್ತಿರ ಸಹಿ ಕೇಳಲಿಕ್ಕೆ ಹೋದರೆ ನಮ್ಮ ಆಸ್ತಿ ಬರೆಸಿಕೊಳ್ಳುತ್ತೀರಾ ಅನ್ನುವ ಹಾಗೆ ನೋಡುತ್ತಿದ್ದರು. ಒಬ್ಬರು ಸಹಿಗೆ 500 ತಗೊಂಡರು. ಇವರದ್ದೇ ಕೈಯಲ್ಲಿ ಎದ್ದ ಮನೆ ಅದು.

60ಕ್ಕೆ ಇನ್ನು ಎಂಟು ತಿಂಗಳು ಇರುವಾಗ ಹೋಗಿಬಿಟ್ಟರು. ಸಿಮೆಂಟಿನ ಧೂಳು ಎದೆಯಲ್ಲಿ ಕೂತಿತ್ತು. ಪಿಂಚಣಿ ಶುರುವೇ ಆಗಿರಲಿಲ್ಲ. ನನಗೆ ಈಗ ವಿಧವಾ ವೇತನ 800. ಕೇಳಿ ಇನ್ನೊಂದು. ಕಾಗದದಲ್ಲಿ ಅವರಿಗೆ 59, ನಮ್ಮ ಅತ್ತೆ ಲೆಕ್ಕದಲ್ಲಿ 62. ಅವರು ಹುಟ್ಟಿದ್ದು ನೆರೆ ಬಂದ ವರ್ಷದ ದೀಪಾವಳಿ ಹಿಂದೆ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಅಂತ ಬರೆದರು, ವರ್ಷವನ್ನೂ ಅವರೇ ಹಾಕಿದರು. ನಮ್ಮ ಕೇರಿಯಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದು! ಆ ಮೂರು ವರ್ಷ ಯಾರು ಕೊಡುತ್ತಾರೆ?

ಹೊನ್ನಾವರ ನಿವೃತ್ತ ಶಿಕ್ಷಕ:
ಅಕ್ಕಾ, ನಿಮ್ಮ ದುಃಖ ಅರ್ಥವಾಗುತ್ತದೆ. ಆದರೆ ಮಾಸ್ತರರನ್ನು ದೂರಬೇಡಿ. ಹುಟ್ಟಿದ ತಾರೀಕು ಕೇಳಿದರೆ ಪಾಲಕರು ಬಾಯಿ ಬಿಡುತ್ತಿರಲಿಲ್ಲ. ಶಾಲೆ ಜೂನ್‌ನಲ್ಲಿ ಶುರು, ಆರು ವರ್ಷ ಆಗಿರಬೇಕು ಅಂತ ನಿಯಮ. ಏನೋ ಒಂದು ಬರೆಯಲೇಬೇಕಿತ್ತು. ಮತ್ತೆ ವಯಸ್ಸು ಕಡಿಮೆ ಬರೆದರೆ ಮುಂದೆ ನೌಕರಿಗೆ ಅನುಕೂಲ ಅಂತ ಕೇಳಿ ಬರೆಸಿದವರೂ ಇದ್ದಾರೆ.

ಮೂಲ ಪ್ರಶ್ನೆಗೆ ಬರುತ್ತೇನೆ. ನಮಗೆ 2008ರಲ್ಲಿ ರಾಜ್ಯ ಸರ್ಕಾರ 58ರಿಂದ 60ಕ್ಕೆ ಏರಿಸಿದಾಗ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆವು. ಎರಡು ವರ್ಷ ಹೆಚ್ಚು ದುಡಿದೆ, ಆರೋಗ್ಯವೂ ಚೆನ್ನಾಗಿತ್ತು. ಮನೆಯಲ್ಲಿ ಕೂತವರೇ ಬೇಗ ಹಾಸಿಗೆ ಹಿಡಿಯುವುದು. ಡೆನ್ಮಾರ್ಕಿನಲ್ಲಿ 2040ಕ್ಕೆ ಪಿಂಚಣಿ ವಯಸ್ಸು 70 ಅಂತ 2025ರಲ್ಲೇ ಕಾನೂನು ಮಾಡಿದ್ದಾರೆ. ಎಲ್ಲ ಕಡೆ ಆಯುಷ್ಯ ಹೆಚ್ಚಾಗಿದೆ, ವಯಸ್ಸು ಏರಿಸುವುದು ಅನಿವಾರ್ಯ.

ಬೈತಖೋಲ್ ಖಲಾಸಿ:
ಮಾಸ್ತರೇ, ಪೇಡೆ ಹಂಚಿದ್ದು ಸೀಮೆಸುಣ್ಣ ಹಿಡಿದ ಕೈ. ನಮ್ಮ ಬೋಟಿಗೆ ಬಂದು ಬಲೆ ಎಳೆದು ಆಮೇಲೆ ಡೆನ್ಮಾರ್ಕ್ ಹೇಳಿ. ಫ್ರಾನ್ಸಿನಲ್ಲಿ 2023ರಲ್ಲಿ 62ನ್ನು 64 ಮಾಡಿದಾಗ ಜನ ಬೀದಿಗೆ ಬಂದದ್ದು ಯಾಕೆ ಹೇಳಲಿಲ್ಲ? ನಮಗಂತೂ 58ಊ ಇಲ್ಲ 60ಊ ಇಲ್ಲ. ಜೂನ್ 1ರಿಂದ ಜುಲೈ 31 ಮೀನುಗಾರಿಕೆ ಬಂದ್, ಆ ಎರಡು ತಿಂಗಳು ಬಡ್ಡಿಗೆ ಸಾಲ. ಬಲೆ ಎತ್ತಲು ಆಗದಿದ್ದ ದಿನ ಬೋಟ್ ನಡೆಸುವ ತಂಡೇಲ ಬೇರೆ ಹುಡುಗನನ್ನು ಕರೆದುಕೊಂಡು ಹೋಗುತ್ತಾನೆ. ಅದೇ ನಮ್ಮ ನಿವೃತ್ತಿ.

ಹೊನ್ನಾವರ ನಿವೃತ್ತ ಶಿಕ್ಷಕ:
ಸೀಮೆಸುಣ್ಣ ಅಂತ ಹಗುರಾಗಿ ಮಾತಾಡಬೇಡಿ. ಜನಗಣತಿ, ಚುನಾವಣೆ, ಬಿಸಿಯೂಟ ಎಲ್ಲ ನಾವೇ ಮಾಡಿದ್ದು.

ಕುಮಟಾ ಸೈಬರ್:
ಜಗಳ ಆಮೇಲೆ ಮಾಡಿ. ನಾನು ದಿನಾ ಪಿಎಫ್ ಅರ್ಜಿ ಹಾಕುವವಳು. ಅಂಕೋಲಾ, ಶಿರಸಿ ಇಬ್ಬರೂ ಬಿಟ್ಟ ದಾರಿ ಒಂದಿದೆ. ಕೆಲಸ ಬಿಟ್ಟ ಕೂಡಲೇ ಪಿಂಚಣಿ ಬರೆಸಬೇಕು ಅಂತೇನೂ ಇಲ್ಲ. ಇಷ್ಟು ವರ್ಷದ ಸರ್ವಿಸ್ ಬರೆದಿಡುವ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿಟ್ಟು, ಪಿಎಫ್ ದುಡ್ಡಿನಲ್ಲಿ ಸಂಸಾರ ನಡೆಸಿ, 58ಕ್ಕೆ ಪಿಂಚಣಿ ಕೇಳುವ 10ಡಿ ಫಾರಂ ಹಾಕಬಹುದು. ಶೇ 4ರ ಕಡಿತ ಬೀಳುವುದಿಲ್ಲ. 60ರ ಗಾಳಿಸುದ್ದಿಗೆ ಹೆದರಿ ಓಡುವವರು ನಮ್ಮ ಅಂಗಡಿಗೆ ಬಹಳ ಬರುತ್ತಾರೆ. ಈಗಿರುವುದು ಇಷ್ಟೇ: ಇಷ್ಟ ಇದ್ದವರು 60ರ ತನಕ ಮುಂದೂಡಬಹುದು, ವರ್ಷಕ್ಕೆ ಶೇ 4 ಜಾಸ್ತಿ ಬರುತ್ತದೆ. ಅದು ಕಡ್ಡಾಯ ಅಲ್ಲ.

ಇನ್ನೊಂದು, ಕೆಲಸದಲ್ಲಿ ಇರುವಾಗಲೇ ದೇಹಕ್ಕೆ ಆಗಿ, ಆ ಕೆಲಸ ಮಾಡಲು ಪೂರ್ತಿ, ಶಾಶ್ವತವಾಗಿ ಆಗುವುದಿಲ್ಲ ಅಂತ ಮೆಡಿಕಲ್ ಬೋರ್ಡ್ ಬರೆದುಕೊಟ್ಟರೆ ಅಂಗವಿಕಲ ಪಿಂಚಣಿ ಇದೆ. ಅದಕ್ಕೆ ವಯಸ್ಸಿನ ಕಡಿತ ಇಲ್ಲ. ಹಾಗಾಗಿ ಲೋಡಿಂಗ್ ಅಣ್ಣ, ರಾಜೀನಾಮೆ ಕೊಡುವ ಮೊದಲು ಇದನ್ನು ನೋಡಿ.

ಮೊದಲು ಪಾಸ್‌ಬುಕ್ ತೆಗೆಯಿರಿ. ಪಿಂಚಣಿ ಕಾಲಂನಲ್ಲಿ ತಿಂಗಳಿಗೆ 1,250 ಬಿದ್ದಿದ್ದರೆ 15,000ದ ಲೆಕ್ಕದಲ್ಲಿ ಕಟ್ಟಿದ್ದಾರೆ ಅಂತ. 2014ರ ಹಿಂದೆ 541 ಇದ್ದರೆ 6,500ರ ಲೆಕ್ಕ. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ಆಧಾರಿನಲ್ಲಿ ಇದ್ದ ಹಾಗೇ ಇರಬೇಕು. ಇಲ್ಲಿ ಊರ ಹೆಸರು ಅಡ್ಡಹೆಸರಾಗಿ ಸೇರಿಕೊಂಡು, ನಾಯ್ಕ ಒಂದರಲ್ಲಿ ನಾಯಕ ಇನ್ನೊಂದರಲ್ಲಿ ಆಗಿ, ಎಷ್ಟು ಅರ್ಜಿ ವಾಪಸ್ ಬಂದಿವೆ! ಜಂಟಿ ಘೋಷಣೆ ಹಾಕಿ ಸರಿ ಮಾಡಿಸಬೇಕು, ಹಳೆ ಖಾತೆಯಾದರೆ ಅದಕ್ಕೆ ಮಾಲೀಕರ ಒಪ್ಪಿಗೆಯೂ ಬೇಕಾಗುತ್ತದೆ. ಕೆಲಸ ಬಿಟ್ಟ ಮೇಲೆ ಗುತ್ತಿಗೆದಾರ ಫೋನೇ ಎತ್ತುವುದಿಲ್ಲ.

ಅಂಕೋಲಾ ಬಾಯ್ಲರ್:
ಮೆಡಿಕಲ್ ಬೋರ್ಡ್ ಕಥೆ ನನ್ನ ಹತ್ತಿರ ಕೇಳಿ. ನನ್ನ ತಮ್ಮನ ಬಲಗೈ ಮೇಲಕ್ಕೆ ಏಳುವುದಿಲ್ಲ. ಎಂಆರ್‌ಐಗೆ 7,500, ಗಾಡಿ ಬಾಡಿಗೆ ಬೇರೆ. "ಪೂರ್ತಿ ಅಲ್ಲ, ಹಗುರ ಕೆಲಸ ಮಾಡಬಹುದು" ಅಂತ ಬರೆದರು. ಹಗುರ ಕೆಲಸ ಯಾರು ಕೊಡುತ್ತಾರೆ ಅಂತ ಬರೆಯಲಿಲ್ಲ. ನಿಮಗೇನು ತಂಗಿ, ಅರ್ಜಿ ಹಾಕಿದ್ದಕ್ಕೂ ದುಡ್ಡು, ವಾಪಸ್ ಬಂದದ್ದಕ್ಕೂ ದುಡ್ಡು.

ಕುಮಟಾ ಸೈಬರ್:
ನೂರು ರೂಪಾಯಿ ತಗೊಳ್ಳುತ್ತೇನೆ. ಒಟಿಪಿ ಬರುವ ತನಕ ನಿಮ್ಮ ಜೊತೆ ಮಧ್ಯಾಹ್ನದವರೆಗೆ ಕೂರುತ್ತೇನೆ ಕೂಡ. ಮಗನ ಫೋನಿಗೆ ಒಟಿಪಿ ಹೋಗಿ, ಮಗ ಗೋವಾದಲ್ಲಿ ಡ್ಯೂಟಿಯಲ್ಲಿದ್ದು, ಅವನು ಎತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪುಕ್ಕಟೆ ಬೇಕಾದರೆ ನಿಮ್ಮ ಮೊಬೈಲಿನಲ್ಲೇ ಮಾಡಿಕೊಳ್ಳಿ.

ಸಿದ್ದಾಪುರ ಕೊನೆ:
ಶೇ 4, ಬೋನಸ್ ಅಂತ ಕಚ್ಚಾಡುತ್ತಿದ್ದೀರಿ, ನಗು ಬರುತ್ತದೆ. ನಾನು ಅಡಿಕೆ ಮರ ಹತ್ತುವವನು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಮರ ಪಾಚಿಗಟ್ಟಿರುತ್ತದೆ. ಕಾಲಿಗೆ ತಳೆ ಹಾಕಿ, ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಪೈಪು. ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿಸಿ ದಾಟುವುದು. 47ಕ್ಕೆ ಬಿದ್ದು ಹಿಮ್ಮಡಿ ಮುರಿಯಿತು. ಒಳಗೆ ಪ್ಲೇಟು, ಸ್ಕ್ರೂ ಸೇರಿ 1,35,000. ತೋಟದವರು ಕೊಟ್ಟದ್ದು ಹತ್ತು ಸಾವಿರ. ನಮಗೆ ಸಂಧ್ಯಾ ಸುರಕ್ಷಾ 65ಕ್ಕೆ, 1,200. 65ರ ತನಕ ಮರ ಹತ್ತಬೇಕಾ ನಾನು?

ಯಲ್ಲಾಪುರ ತೋಟ:
ತೋಟದವರನ್ನು ಎಲ್ಲದಕ್ಕೂ ಎಳೆಯಬೇಡಿ. ಒಂದು ಅಡಿಕೆ ಕೊನೆಗೆ (ಗೊನೆಗೆ) ಇಷ್ಟು ಅಂತ ಲೆಕ್ಕ ಮಾಡಿ ಮಧ್ಯಾಹ್ನದೊಳಗೆ ಎರಡು ಸಾವಿರ ಎಣಿಸಿಕೊಂಡು ಹೋಗುತ್ತೀರಿ. ಊಟ, ಚಾ, ಕವಳ ನಮ್ಮದೇ. ನಾಳೆ ಬರುತ್ತೇನೆ ಅಂದವರು ಹುಣ್ಣಿಮೆಗೂ ಬರುವುದಿಲ್ಲ. ಅದಕ್ಕೇ ನಾವು ದೋಟಿಗೆ (ಕೊಯ್ಯುವ ಉದ್ದ ಕೋಲಿಗೆ) ಹೋದದ್ದು. ಕಾರ್ಬನ್ ಫೈಬರ್ ದೋಟಿ, ಐವತ್ತು ಸಾವಿರದ ಮೇಲಾಯಿತು. ಈಗ ನಾನೇ ನೆಲದಲ್ಲಿ ನಿಂತು ಕೊಯ್ಯುತ್ತೇನೆ. ನನಗೆ 61, ಪಿಂಚಣಿ ನನಗೂ ಇಲ್ಲ.

ಸಿದ್ದಾಪುರ ಕೊನೆ:
ಎರಡು ಸಾವಿರ ವರ್ಷಕ್ಕೆ ಎಷ್ಟು ದಿನ ಒಡೇರೆ? ಸೀಸನ್ ಮುಗಿದ ಮೇಲೆ ಒಂದು ಫೋನ್ ಇಲ್ಲ. ಮತ್ತೆ ನಿಮ್ಮ ದೋಟಿ ಹಿಡಿದು ಕತ್ತು ಮೇಲೆ ಮಾಡಿ ನಿಂತವರು ಈಗ ಕುತ್ತಿಗೆ ಬೆಲ್ಟ್ ಹಾಕಿಕೊಂಡು ಓಡಾಡುತ್ತಿದ್ದಾರೆ, ನಮ್ಮೂರಲ್ಲೇ ಇಬ್ಬರು.

ಯಲ್ಲಾಪುರ ತೋಟ:
ಅದು ಹಿಡಿಯಲು ಬಾರದವರಿಗೆ. ತುದಿ ಭಾರ ಜಾಸ್ತಿ ಇರುವ ದೋಟಿ ತಗೊಂಡಿರುತ್ತಾರೆ. ಎರಡನೇ ಗಂಟಿನ ಹತ್ತಿರ ಹಿಡಿದರೆ ಏನೂ ಆಗುವುದಿಲ್ಲ.

ಕಾರವಾರ ಲೋಡಿಂಗ್:
ಎಲ್ಲರಿಗೂ ಧನ್ಯವಾದ. ಕುಮಟಾ ಅಕ್ಕ ಹೇಳಿದ ಹಾಗೆ ಮಗಳ ಹತ್ತಿರ ಪಾಸ್‌ಬುಕ್ ತೆಗೆಸಿದೆ. ಪಿಂಚಣಿ ಕಾಲಂನಲ್ಲಿ 1,250 ಇಲ್ಲ. ಈಗ ಪ್ರತಿ ತಿಂಗಳೂ 791 ಇದೆ. ಕೈಗೆ ನನಗೆ 18,000 ಬರುತ್ತದೆ. ನಡುವೆ ಎರಡು ವರ್ಷ ಖಾಲಿ ಇದೆ, ಆಗ ಗುತ್ತಿಗೆದಾರ ಬದಲಾಗಿದ್ದರು. ನಾನು ಒಂದು ದಿನವೂ ಬಿಟ್ಟಿರಲಿಲ್ಲ.

ಅಂಕೋಲಾ ಬಾಯ್ಲರ್:
ನೋಡಿ! 9,500 ಸಂಬಳ ತೋರಿಸಿದ್ದಾರೆ. ಡ್ರೈವರ್ ಸಾಹೇಬರ 4,900 ಎಲ್ಲಿ ಹೋಯಿತು ಈಗ? ಒಂದು ವರ್ಷ ಹೆಚ್ಚು ದುಡಿದರೆ ತಿಂಗಳ ಪಿಂಚಣಿಗೆ 135 ರೂಪಾಯಿ ಸೇರುವುದು ಇವರಿಗೆ. ಆ 135ಕ್ಕಾಗಿ ಡಿಸ್ಕ್ ಸರಿದ ಸೊಂಟದಲ್ಲಿ ಚೀಲ ಹೊರಬೇಕಾ?

ಶಿರಸಿ ಡ್ರೈವರ್:
15,000 ಕಟ್ಟಿದ್ದರೆ ಅಂತ ನಾನು ಮೊದಲೇ ಬರೆದಿದ್ದೇನೆ. ಓದಿ ಬೈಯಿರಿ. ಮತ್ತೆ ಆ ಎರಡು ವರ್ಷದ್ದು ಬಿಡಬೇಡಿ, ಯೂನಿಯನ್ ಇದ್ದರೆ ಹಿಡಿಯಿರಿ.

ಕುಮಟಾ ಸೈಬರ್:
ಅಣ್ಣಾ, ರಾಜೀನಾಮೆ ಕೊಡಬೇಡಿ ಈಗ. ಸಂಬಳದ ಚೀಟಿ ಕೊಡುತ್ತಾರಾ? ಅದರಲ್ಲಿ ಮೂಲ ವೇತನ, ಡಿಎ ಎಷ್ಟು, ಉಳಿದದ್ದು ಯಾವ ಹೆಸರಿನಲ್ಲಿದೆ ನೋಡಿ. ಖಾಲಿ ಇರುವ ಎರಡು ವರ್ಷದ ಹಾಜರಿ ಪುಸ್ತಕದ ಫೋಟೋ, ಗೇಟ್ ಪಾಸ್, ಬ್ಯಾಂಕಿಗೆ ಬಿದ್ದ ಸಂಬಳದ ಸ್ಟೇಟ್‌ಮೆಂಟ್, ಇಎಸ್‌ಐ ಕಾರ್ಡ್, ಏನಿದ್ದರೂ ಕೂಡಿಸಿಡಿ. ಒಳಗೆ ಇರುವಾಗ ಸಿಕ್ಕುವ ಕಾಗದ ಹೊರಗೆ ಬಂದ ಮೇಲೆ ಸಿಕ್ಕುವುದಿಲ್ಲ. ಹಳೆ ಗುತ್ತಿಗೆದಾರರ ಪಿಎಫ್ ಕೋಡ್ ನಿಮ್ಮ ಹಳೆ ಚೀಟಿಯಲ್ಲಿ ಇರುತ್ತದೆ. ಅದನ್ನು ಹಿಡಿದು ದೂರು ಹಾಕುವ.

ಗೋಕರ್ಣದಿಂದ:
ಹುಟ್ಟಿದ ತಾರೀಕೂ ಒಮ್ಮೆ ನೋಡಿಕೊಳ್ಳಿ ಅಣ್ಣಾ. ಜೂನ್ 1 ಅಲ್ಲ ತಾನೇ?

ಕಾರವಾರ ಲೋಡಿಂಗ್:
ಜೂನ್ 1ನೇ ಅಕ್ಕಾ.

ಹೊನ್ನಾವರ ನಿವೃತ್ತ ಶಿಕ್ಷಕ:
ನಾನು ಕಾರವಾರದಲ್ಲಿ ಕೆಲಸ ಮಾಡಿಲ್ಲ.

ಶಿರಸಿ ಡ್ರೈವರ್:
ಯಲ್ಲಾಪುರದವರೇ, ಆ ದೋಟಿ ಬಾಡಿಗೆಗೆ ಕೊಡುತ್ತೀರಾ? ಹತ್ತು ಗುಂಟೆ ಅಡಿಕೆ ಇದೆ, ಮೊಣಕಾಲಿಗೆ ಮರ ಆಗುವುದಿಲ್ಲ.