ಕಥೆ, ಕವಿತೆಯಲ್ಲಿ ಒಂದು ಊರು ಕಣ್ಣಿಗೆ ಕಟ್ಟುವುದು ಯಾವುದರಿಂದ?

ಮುಂಗಾರು:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಕೆಲವು ಕಾದಂಬರಿಗಳನ್ನು ಓದಿ ಮುಗಿಸಿ ಎಷ್ಟೋ ಕಾಲವಾದ ಮೇಲೆ ಕಥೆ ಮಸುಕಾದರೂ ಆ ಊರು ಮಾತ್ರ ಮರೆಯುವುದಿಲ್ಲ. ಕಾರಂತರ 'ಮರಳಿ ಮಣ್ಣಿಗೆ'ಯ ಕೋಡಿ ನನಗೆ ಹಾಗೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಚೂರು ನೆಲ, ಆ ನೆಲದಲ್ಲಿ ದುಡಿದು ದುಡಿದು ಸವೆದ ಹೆಂಗಸರು. ನಾನೇ ಅಲ್ಲಿ ಓಡಾಡಿದ ಹಾಗೆ ಮನಸ್ಸಿನಲ್ಲಿ ಕೂತಿದೆ. ಇನ್ನು ಕೆಲವು ಪುಸ್ತಕಗಳಲ್ಲಿ ಪುಟಗಟ್ಟಲೆ ಮಂಜು, ಮಳೆ, ಹಸಿರು ಇರುತ್ತದೆ. ಓದುವಾಗ ಚೆನ್ನಾಗಿಯೇ ಇರುತ್ತದೆ. ಪುಸ್ತಕ ಮುಚ್ಚಿದರೆ ಏನೂ ಉಳಿಯುವುದಿಲ್ಲ.

ಹಾಗಾದರೆ ಜಾಗವನ್ನು ಕಟ್ಟಿಕೊಡುವುದು ಯಾವುದು? ವರ್ಣನೆಯಾ, ಅಲ್ಲಿನವರ ಮಾತಿನ ಧಾಟಿಯಾ, ಅವರು ಮಾಡುವ ಕೆಲಸವಾ? ಕವಿತೆಯ ವಿಷಯವೂ ಹೇಳಿ. ಕಾದಂಬರಿಗೆ ನೂರಾರು ಪುಟ ಇರುತ್ತವೆ, ಕವಿತೆಗೆ ಒಂದಿಷ್ಟು ಸಾಲು. ಅಷ್ಟರಲ್ಲೇ ಒಂದು ಊರು ಹೇಗೆ ಬರುತ್ತದೆ? ಸುಮ್ನೆ 'ಪ್ರಾದೇಶಿಕ ಸೊಗಡು' ಅಂತ ಹೇಳಿ ಬಿಡಬೇಡಿ ದಯವಿಟ್ಟು. ಆ ಸೊಗಡು ಎಲ್ಲಿಂದ ಬರುತ್ತದೆ ಅನ್ನುವುದೇ ನನ್ನ ಪ್ರಶ್ನೆ.


ಕಾಲುದಾರಿ:

ಒಳ್ಳೆಯ ಪ್ರಶ್ನೆ. ನಾನು ವರ್ಣನೆಗೆ ಅಷ್ಟು ಬೆಲೆ ಕೊಡುವುದಿಲ್ಲ. ಊರು ಹೇಗಿದೆಯೋ ಕಥೆಯೂ ಅದೇ ಆಕಾರದಲ್ಲಿ ಬೆಳೆದಿದೆಯಾ ಅಂತ ನೋಡುತ್ತೇನೆ.

ಮಲೆನಾಡನ್ನೇ ತೆಗೆದುಕೊಳ್ಳಿ. ಅಲ್ಲಿ ಮನೆಗಳು ಒತ್ತಾಗಿ ಇರುವುದು ಕಡಿಮೆ. ಗದ್ದೆ, ತೋಟದ ಪಕ್ಕ ಒಂದು ಮನೆ. ಆಮೇಲೆ ಕಾಡು. ಗುಡ್ಡ ಹತ್ತಿ ಇಳಿದರೆ ಇನ್ನೊಂದು ಮನೆ. ಅಂಥ ಕಡೆ ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ತಲುಪಬೇಕಾದರೆ ಯಾರಾದರೂ ನಡೆಯಲೇಬೇಕು, ಬೇರೆ ದಾರಿಯೇ ಇಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಶುರುವಾಗುವುದು ಹೇಗೆ ನೋಡಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ಹೊರಟಿರುತ್ತಾನೆ. ಅವನು ನಡೆದ ಹಾಗೆಲ್ಲ ಒಂದೊಂದೇ ಮನೆ, ಒಂದೊಂದೇ ಕೇರಿ, ಅಲ್ಲಿನ ಜಗಳ, ಅಲ್ಲಿನ ಗುಟ್ಟು ನಮಗೆ ತೆರೆದುಕೊಳ್ಳುತ್ತದೆ. ಇಡೀ ಕಾದಂಬರಿಯಲ್ಲಿ ಯಾರಾದರೊಬ್ಬರು ದಾರಿಯಲ್ಲಿರುತ್ತಾರೆ. ಅದಕ್ಕೆ ಒಬ್ಬ ನಾಯಕ ಇಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ ಆ ನೆಲವೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಅಷ್ಟು ಚದುರಿದ ಮನೆಗಳನ್ನು ಒಬ್ಬನೇ ಮನುಷ್ಯನ ಕಥೆಗೆ ಕಟ್ಟಿಹಾಕುವುದು ಕಷ್ಟ, ದಾರಿಗಳು ಮಾತ್ರ ಕಟ್ಟಬಲ್ಲವು.

ಈಗ ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ತೆಗೆದುಕೊಳ್ಳಿ. ಅದು ನಂಜನಗೂಡು ಸೀಮೆಯ ನೆಲ, ಬಯಲು. ಮನೆಗೆ ಮನೆ ಅಂಟಿಕೊಂಡ ಊರು. ಅಲ್ಲಿ ರಾತ್ರಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ನಮ್ಮ ಜನಪದ ಕಥೆಗಳಲ್ಲಿ ಇರುವಂಥದ್ದೇ. ಆದರೆ ಇದು ಕಾದಂಬರಿಯಲ್ಲಿ ಅಷ್ಟು ಸಹಜವಾಗಿ ಕೂರುವುದಕ್ಕೆ ಆ ಊರೇ ಕಾರಣ. ಗೋಡೆಗೆ ಗೋಡೆ ತಾಗಿದ ಊರಲ್ಲಿ ಯಾವ ಮನೆಯ ಗುಟ್ಟೂ ಆ ಮನೆಯೊಳಗೇ ಉಳಿಯುವುದಿಲ್ಲ. ಕೇರಿ ಬೇರೆ, ಆದರೆ ಕಿವಿ ಎಲ್ಲರಿಗೂ ಒಂದೇ. ಇದೇ ದೀಪಗಳನ್ನು ಕುವೆಂಪು ಅವರ ಕಾಡಿಗೆ ತಂದರೆ ಅವು ಒಂದನ್ನೊಂದು ಸೇರುವ ಹೊತ್ತಿಗೆ ಬೆಳಗಾಗಿರುತ್ತದೆ.

ಈ ಎರಡು ಕಾದಂಬರಿಗಳಲ್ಲಿ ಹಸಿರು ಎಷ್ಟಿದೆ, ಧೂಳು ಎಷ್ಟಿದೆ ಅಂತ ಲೆಕ್ಕ ಹಾಕಿದರೆ ಏನೂ ಸಿಗುವುದಿಲ್ಲ. ಸುದ್ದಿ ಹೇಗೆ ಓಡಾಡುತ್ತದೆ ಅಂತ ನೋಡಿದರೆ ಎರಡೂ ಊರು ಪೂರ್ತಿ ಸಿಗುತ್ತವೆ.


ಹೂಬಿಸಿಲು:

ಕವಿತೆಯ ಬಗ್ಗೆ ನಾನು ಹೇಳುತ್ತೇನೆ, ಅದು ನನಗೆ ಇಷ್ಟದ ವಿಷಯ.

ಕೆ. ಎಸ್. ನರಸಿಂಹಸ್ವಾಮಿ ಅವರ 'ಮೈಸೂರು ಮಲ್ಲಿಗೆ' (1942) ಸಂಕಲನದಲ್ಲಿ ಬಳೆಗಾರ ಚೆನ್ನಯ್ಯ ಬರುವ ಪದ್ಯ ನಿಮಗೆಲ್ಲ ಗೊತ್ತೇ ಇರುತ್ತದೆ. ನವಿಲೂರು ಅಂತ ಒಂದು ಊರು ಬರುತ್ತದಲ್ಲ, ಅದು ಹೇಗಿದೆ ಅಂತ ಕವಿ ಕೂತು ಬಣ್ಣಿಸುವುದಿಲ್ಲ. ಅಷ್ಟಾದರೂ ಕನ್ನಡ ಓದುವವರಿಗೆ ನವಿಲೂರು ಗೊತ್ತು. ಯಾಕೆ? ಹೆಂಡತಿ ತವರಿನಲ್ಲಿದ್ದಾಳೆ, ಗಂಡ ಇಲ್ಲಿದ್ದಾನೆ, ನಡುವೆ ಬಳೆ ಹೊತ್ತು ಊರೂರು ತಿರುಗುವವನೊಬ್ಬ ಅವಳ ಮಾತು ತಂದಿದ್ದಾನೆ. ಆ ಕಾಲದ ಮೈಸೂರು ಸೀಮೆಯ ಎರಡು ಊರುಗಳ ನಡುವಿನ ದೂರ ಎಂಥದ್ದು ಅಂತ ಅಷ್ಟರಲ್ಲೇ ತಿಳಿಯಿತು. ಮೈಲಿ ಲೆಕ್ಕ ಬೇಕಾಗಲಿಲ್ಲ. ಒಳಗೆ ಬರಲು ಅಪ್ಪಣೆ ಕೇಳುವ ಆ ಧಾಟಿಯಲ್ಲೇ ಮನೆ, ಬಾಗಿಲು, ಮನೆಯ ಯಜಮಾನನ ಗತ್ತು, ಎಲ್ಲ ಇದೆ.

ಇನ್ನೊಂದು ಬೇಂದ್ರೆ ಅವರ ಶ್ರಾವಣದ ಕವಿತೆ. ಬೆಟ್ಟಗಳು ಹಸಿರು ಅಂಗಿ ತೊಟ್ಟವು ಅನ್ನುವ ಚಿತ್ರ ಇದೆಯಲ್ಲ, ಅದನ್ನು ಬರೀ ಅಲಂಕಾರ ಅಂತ ಓದಿ ಮುಂದೆ ಹೋಗಿಬಿಡುತ್ತೇವೆ. ಆದರೆ ಧಾರವಾಡ ಎಲ್ಲಿದೆ ಯೋಚಿಸಿ. ಪಡುವಣಕ್ಕೆ ಹೋದರೆ ಮಲೆನಾಡು, ಮೂಡಣಕ್ಕೆ ಹೋದರೆ ಬಯಲುಸೀಮೆ. ಆ ಸುತ್ತಿನ ಗುಡ್ಡಗಳು ಬೇಸಿಗೆಯಲ್ಲಿ ಬೋಳಾಗಿ ಒಣಗಿರುತ್ತವೆ, ಮಳೆ ಬಿದ್ದ ಮೇಲೆ ಹುಲ್ಲು ಎದ್ದು ಹಸಿರಾಗುತ್ತವೆ. ಅಂಥ ಗುಡ್ಡ ಮಾತ್ರ ಬಟ್ಟೆ ತೊಡಬಲ್ಲದು! ಆಗುಂಬೆಯ ಕಾಡು ವರ್ಷಪೂರ್ತಿ ಹಸಿರು, ಅದಕ್ಕೆ ಶ್ರಾವಣದಲ್ಲಿ ಹೊಸದಾಗಿ ತೊಡುವುದಕ್ಕೆ ಏನಿದೆ? ಧಾರವಾಡದಲ್ಲಿ ಬೇಂದ್ರೆ ಅವರ ಮನೆಯಿದ್ದ ಸಾಧನಕೇರಿಯಲ್ಲಿ ಕೂತು ವರ್ಷವರ್ಷವೂ ಆ ಬದಲಾವಣೆ ನೋಡಿದವರಿಗೆ ಹೊಳೆಯುವ ಚಿತ್ರ ಅದು. ಜೊತೆಗೆ ಅದನ್ನು ತಂಗಿಗೆ ಕರೆದು ತೋರಿಸುವ ಧಾರವಾಡದ ಮಾತು. ಆ ಮಾತನ್ನು ಮೈಸೂರಿನ ಕನ್ನಡಕ್ಕೆ ತಿರುಗಿಸಿ ನೋಡಿ, ಕುಣಿತವೇ ನಿಂತುಹೋಗುತ್ತದೆ.

ಒಂದು ಮಾತು ಸೇರಿಸುತ್ತೇನೆ. ಊರು, ನದಿ, ಬೆಟ್ಟಗಳ ಹೆಸರನ್ನು ಸಾಲಾಗಿ ಹೇಳುವ ಕವಿತೆಗಳೂ ನಮ್ಮಲ್ಲಿವೆ. ಅವು ನಾಡಿನ ಹಾಡುಗಳು, ಸಾವಿರ ಜನ ಒಟ್ಟಿಗೆ ನಿಂತು ಹಾಡುವುದಕ್ಕೆ ಇರುವಂಥವು, ಹಾಡುವಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಮುಂಗಾರು ಕೇಳುತ್ತಿರುವುದು ಬೇರೆ ತರಹದ್ದು ಅಂದುಕೊಂಡಿದ್ದೇನೆ.


ಹಿತ್ತಿಲು:

ಇಬ್ಬರೂ ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ವಿಷಯ ಬಿಟ್ಟುಹೋಗುತ್ತಿದೆ. ಊರು ಎಲ್ಲರಿಗೂ ಒಂದೇ ಊರಲ್ಲ. ಕಾಲುದಾರಿ ಅವರು ಸುದ್ದಿ ಹೇಗೆ ಓಡಾಡುತ್ತದೆ ಅಂದರು. ನಾನು ಕೇಳುವುದು, ಯಾರು ಎಲ್ಲಿಯವರೆಗೆ ಓಡಾಡಬಹುದು ಅಂತ.

'ಚೋಮನ ದುಡಿ' (1933) ಓದಿ. ಚೋಮನ ಹತ್ತಿರ ಎತ್ತುಗಳಿವೆ. ಉಳುವ ಆಸೆ ಇದೆ, ಕಸುವಿದೆ. ಉಳುವುದಕ್ಕೆ ನೆಲ ಇಲ್ಲ, ಯಾಕೆಂದರೆ ಅವನ ಜಾತಿಯವನಿಗೆ ನೆಲ ಕೊಡುವ ಪದ್ಧತಿಯೇ ಇಲ್ಲ. ಸುತ್ತ ಗದ್ದೆಯೋ ಗದ್ದೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕು. ಒಬ್ಬ ಮಗ ಜನರ ಕಣ್ಣೆದುರಿಗೇ ನೀರಿನಲ್ಲಿ ಮುಳುಗುತ್ತಾನೆ, ಮುಟ್ಟಬೇಕಾಗುತ್ತದೆ ಅಂತ ಯಾರೂ ಎತ್ತುವುದಿಲ್ಲ. ಆ ಹೊಳೆಯನ್ನು ಇನ್ನೊಬ್ಬರು 'ಜುಳುಜುಳು' ಅಂತ ಬರೆಯಬಹುದು, ಚೋಮನ ಕಣ್ಣಿಗೆ ಆ ಹೊಳೆ ಹಾಗೆ ಕಾಣುವುದಕ್ಕೆ ಸಾಧ್ಯವೇ ಇಲ್ಲ. ಜಾಗ ಅಂದರೆ ನನಗೆ ಇದು. ಕಾರಂತರು ದಕ್ಷಿಣ ಕನ್ನಡವನ್ನು ನಮಗೆ ತೋರಿಸಿದ್ದು ಚೋಮನಿಗೆ ಮುಚ್ಚಿದ್ದ ಬಾಗಿಲುಗಳ ಮೂಲಕ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'ಯೂ ಹಾಗೇ. ಕಾಸರಗೋಡಿನ ನದಿ ಅದು. ಹೆಸರಲ್ಲೇ ನದಿ ಇದೆ, ಆದರೆ ಕಾದಂಬರಿ ತುಂಬ ಇರುವುದು ತವರಿಗೂ ಗಂಡನ ಮನೆಗೂ ನಡುವೆ ಸಿಕ್ಕಿಬಿದ್ದ ನಾದಿರಾ. ಅವಳು ಎಲ್ಲಿರಬೇಕು ಅಂತ ಅಪ್ಪ ತೀರ್ಮಾನ ಮಾಡುತ್ತಾನೆ, ಅವಳನ್ನು ಯಾರೂ ಕೇಳುವುದಿಲ್ಲ.

ವೈದೇಹಿ ಅವರ ಕಥೆಗಳಲ್ಲಿ ಕುಂದಾಪುರ ಸೀಮೆ ಬರುತ್ತದೆ. ಎಲ್ಲಿ ಬರುತ್ತದೆ? ಅಡುಗೆಮನೆ, ಬಾವಿಕಟ್ಟೆ, ಹಿತ್ತಿಲು, ಜಗಲಿಯಿಂದ ಈಚೆ. ಹೆಂಗಸರು ಕೆಲಸ ಮಾಡುತ್ತಲೇ ಆಡುವ ಮಾತು, ನಗು, ಅರ್ಧಕ್ಕೆ ನುಂಗಿದ ಮಾತು. ಕುಂದಾಪುರದ ಕಡಲತೀರದ ಫೋಟೊ ನೂರು ಸಿಗುತ್ತವೆ. ಆ ಹಿತ್ತಿಲ ಮಾತು ಬೇರೆಲ್ಲೂ ಸಿಗುವುದಿಲ್ಲ. ಹೂಬಿಸಿಲು ಅವರು ಹೇಳಿದ ನವಿಲೂರನ್ನೂ ಒಮ್ಮೆ ಆ ಹೆಂಡತಿಯ ಕಡೆಯಿಂದ ಓದಿ. ತವರು, ಗಂಡನ ಮನೆ, ಎರಡೇ ಊರು ಅವಳಿಗೆ. ನಡುವಿನ ದಾರಿಯಲ್ಲಿ ತಿರುಗಾಡುವ ಸ್ವಾತಂತ್ರ್ಯ ಚೆನ್ನಯ್ಯನಿಗೆ ಇದೆ, ಅವಳಿಗೆ ಇಲ್ಲ.

ಸೊಗಡು ಸೊಗಡು ಅಂತ ಹೇಳುವವರು ಇದನ್ನು ಬಿಟ್ಟು ಓದಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.


ಮುಂಗಾರು:

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹಿತ್ತಿಲು ಅವರೇ, 'ಮರಳಿ ಮಣ್ಣಿಗೆ'ಯ ಹೆಂಗಸರು ನನ್ನ ಮನಸ್ಸಿನಲ್ಲಿ ಯಾಕೆ ಉಳಿದರು ಅಂತ ನಿಮ್ಮ ಮಾತಿನಿಂದ ಗೊತ್ತಾಯಿತು. ಆ ಹೊಳೆ, ಆ ಕಡಲು ಅವರ ಮೈಕೈ ನೋವಿನ ಮೂಲಕವೇ ನಮಗೆ ಬರುತ್ತದೆ.

ಇನ್ನೊಂದು ಪ್ರಶ್ನೆ ಹುಟ್ಟಿತು. ಹಾಗಾದರೆ ಬರೆಯುವವರು ಅಲ್ಲೇ ಇರಬೇಕಾ? ಬಿಟ್ಟು ಹೋದವರು, ಅಥವಾ ಇಲ್ಲದ ಊರನ್ನೇ ಕಟ್ಟಿದವರು?


ಎರಡನೇ ಪ್ಲಾಟ್‌ಫಾರ್ಮ್:

ಬಿಟ್ಟು ಹೋದವರೇ ಜಾಸ್ತಿ ಚೆನ್ನಾಗಿ ಬರೆದಿದ್ದಾರೆ ಅನ್ನುವಷ್ಟು ಧೈರ್ಯ ನನಗಿದೆ. ಯಶವಂತ ಚಿತ್ತಾಲರು ಬಾಳಿದ್ದು ಮುಂಬಯಿಯಲ್ಲಿ, ಮತ್ತೆ ಮತ್ತೆ ಬರೆದದ್ದು ಉತ್ತರ ಕನ್ನಡದ ತಮ್ಮ ಹನೇಹಳ್ಳಿಯನ್ನು. 'ಶಿಕಾರಿ' (1979) ನಡೆಯುವುದು ಮುಂಬಯಿಯಲ್ಲಿ. ದೊಡ್ಡ ಕಂಪನಿಯೊಂದರ ಒಳಗಿನ ಸಂಚಿಗೆ ಸಿಕ್ಕಿದ ನಾಗಪ್ಪ, ಅವನ ಭಯದ ಬೇರು ಮಾತ್ರ ಹಿಂದಿನ ಊರಿನ ತನಕ ಹೋಗುತ್ತದೆ. ಓದುತ್ತಾ ಹೋದರೆ ಎರಡು ಜಾಗಗಳು ಒಂದೇ ತಲೆಯೊಳಗೆ ಗುದ್ದಾಡುತ್ತವೆ. ಹನೇಹಳ್ಳಿಯಲ್ಲೇ ಉಳಿದಿದ್ದರೆ ಅದು ಅವರಿಗೆ ಹಾಗೆ ಕಾಣುತ್ತಿತ್ತಾ, ನನಗೆ ಅನುಮಾನ.

ಜಯಂತ ಕಾಯ್ಕಿಣಿ ಗೋಕರ್ಣದವರು, ಅವರ ಮುಂಬಯಿ ಕಥೆಗಳು ಇನ್ನೊಂದು ರೀತಿ. ಅವುಗಳಲ್ಲಿ ಮುಂಬಯಿ ಅಂದರೆ ಚಾಳು, ಲೋಕಲ್ ರೈಲು, ಇಕ್ಕಟ್ಟಿನ ಖೋಲಿ, ಅಲ್ಲಿ ಎಲ್ಲೆಲ್ಲಿಂದಲೋ ಬಂದ ಜನ ಒಬ್ಬರಿಗೊಬ್ಬರು ಅಂಟಿಕೊಳ್ಳುವ ಬಗೆ. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ (2018ರದ್ದು) ಬಂತು. ಕನ್ನಡದಲ್ಲಿ ಯೋಚಿಸಿ ಬರೆದ ಮುಂಬಯಿ ಹೊರಗಿನವರಿಗೂ ಮುಂಬಯಿಯಾಗಿಯೇ ಕಂಡಿತು ಅನ್ನುವುದು ನನಗೆ ಈಗಲೂ ದೊಡ್ಡ ಖುಷಿ.

ಇಲ್ಲದ ಊರು ಅಂದರೆ ಮಾಲ್ಗುಡಿ ಬರಲೇಬೇಕು. ಆರ್. ಕೆ. ನಾರಾಯಣ್ ಅದನ್ನು ಮೊದಲು ತಂದದ್ದು 1935ರ ಕಾದಂಬರಿಯಲ್ಲಿ. ರೈಲ್ವೆ ಸ್ಟೇಷನ್, ಸರಯೂ ನದಿ, ಮಿಷನ್ ಸ್ಕೂಲು ಇರುವ ಒಂದು ಪುಟ್ಟ ಪಟ್ಟಣ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಅದನ್ನು ಟಿವಿಗೆ ತಂದರು, ಆಗುಂಬೆಯಲ್ಲಿ ಚಿತ್ರೀಕರಣ ಮಾಡಿದರು. ಈಗ ಜನ ಆಗುಂಬೆಗೆ ಹೋಗಿ ಮಾಲ್ಗುಡಿ ನೋಡಿ ಬಂದೆವು ಅನ್ನುತ್ತಾರೆ. ಆಗುಂಬೆಯಲ್ಲಿ ರೈಲೇ ಇಲ್ಲ, ಸ್ಟೇಷನ್ನಿನ ದೃಶ್ಯಗಳಿಗೆ ಅರಸಾಳಿಗೆ ಹೋಗಬೇಕಾಯಿತು. ಆದರೂ ಜನ ಒಪ್ಪಿಕೊಂಡರು. ಒಂದು ಊರಿನ ಜನ ಹೇಗೆ ಹೊತ್ತು ಕಳೆಯುತ್ತಾರೆ, ಯಾರಿಗೆ ಹೆದರುತ್ತಾರೆ, ಸಂಜೆ ಎಲ್ಲಿ ಸೇರುತ್ತಾರೆ ಅನ್ನುವುದು ಗಟ್ಟಿಯಾಗಿದ್ದರೆ ನಕ್ಷೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.


ಹಿನ್ನೀರು:

ಇನ್ನೂ ಒಂದು ಬಗೆ ಇದೆ. ಇದ್ದ ಊರು ಇಲ್ಲವಾದದ್ದು. ನಾ. ಡಿಸೋಜ ಅವರನ್ನು ಯಾರೂ ಹೇಳಲಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು ನೀರಿನಡಿ ಹೋದವು. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಆ ಯೋಜನೆಯನ್ನು ಹತ್ತಿರದಿಂದ ಕಂಡವರು. 'ದ್ವೀಪ'ದಲ್ಲಿ ಒಂದು ಸಂಸಾರ ಜಾಗ ಬಿಡದೆ ಉಳಿಯುತ್ತದೆ, ಮಳೆಗಾಲದಲ್ಲಿ ಸುತ್ತ ನೀರು ಏರುತ್ತದೆ, ಅವರ ಗುಡ್ಡವೇ ದ್ವೀಪ ಆಗುತ್ತದೆ. ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ಅಲ್ಲಿ ಜಾಗ ಸುಮ್ಮನೆ ಇರುವುದಿಲ್ಲ, ಪ್ರತಿ ಪುಟದಲ್ಲೂ ಕಡಿಮೆಯಾಗುತ್ತಾ ಹೋಗುತ್ತದೆ. ನಿನ್ನೆ ನಡೆದ ದಾರಿ ಇವತ್ತು ಇಲ್ಲ. ಆ ಸಂಸಾರದ ಒಳಗಿನ ಮಾತುಕತೆಯೂ ಅದರ ಜೊತೆಗೇ ಬಿಗಿಯಾಗುತ್ತಾ ಹೋಗುತ್ತದೆ.

ನಮ್ಮ ಮನೆಗಳಲ್ಲಿ ದೀಪ ಉರಿಯಲಿ ಅಂತ ಆದ ಅಣೆಕಟ್ಟು ಅದು, ವಿದ್ಯುತ್ತಿಗಾಗಿ ಕಟ್ಟಿದ್ದು. ಆ ಬೆಳಕಿನಲ್ಲಿ ಕೂತು ಆ ಊರಿನ ಕಥೆ ಓದುವವರಿಗೆ ಇದು ಗೊತ್ತಿರಬೇಕು. ಮುಳುಗಿದ ಊರಿಗೆ ಹೋಗಿ ನೋಡಿ ಬರುವ ಹಾಗಿಲ್ಲ, ಅಲ್ಲಿನ ಬದುಕು ಓದುವುದಕ್ಕೆ ಸಿಗುವುದು ಇಂಥ ಪುಸ್ತಕದಲ್ಲೇ.


ಮುಂಗಾರು:

'ದ್ವೀಪ' ಸಿನಿಮಾ ನೋಡಿದ್ದೆ, ಪುಸ್ತಕ ಓದಿಲ್ಲ. ಪಟ್ಟಿಗೆ ಸೇರಿಸಿದೆ. 'ಕುಸುಮಬಾಲೆ' ಹಿಂದೆ ಒಮ್ಮೆ ಶುರು ಮಾಡಿದ್ದೆ, ಆ ಭಾಷೆ ಹಿಡಿತಕ್ಕೆ ಬರಲಿಲ್ಲ. ಆ ಕಡೆಯ ಮಾತು ಕೇಳಿ ಬೆಳೆಯದವರು ಹೇಗೆ ಓದಬೇಕು?


ಕಾಲುದಾರಿ:

ಬಾಯಿಬಿಟ್ಟು ಓದಿ. ಕಣ್ಣಲ್ಲಿ ಓದಿದರೆ ಪ್ರತಿ ಸಾಲಿನಲ್ಲೂ ತಡೆಯುತ್ತದೆ. ಜೋರಾಗಿ ಓದಿದರೆ ಎರಡು ಮೂರು ಪುಟದೊಳಗೆ ಕಿವಿ ಒಗ್ಗಿಕೊಳ್ಳುತ್ತದೆ. ಅರ್ಥವಾಗದ ಕಡೆ ನಿಲ್ಲಬೇಡಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಮಾತ್ರ ಹಿಡಿದುಕೊಳ್ಳಿ. ಪುಸ್ತಕ ಚಿಕ್ಕದು, ಒಂದು ಸಲ ಹಾಗೆ ಮುಗಿಸಿ ಕೂಡಲೇ ಮತ್ತೆ ಮೊದಲಿನಿಂದ ಶುರು ಮಾಡಿ. ಆ ಸೀಮೆಯ ಗೆಳೆಯರು ಯಾರಾದರೂ ಇದ್ದರೆ ಅವರಿಂದಲೇ ಒಂದು ಅಧ್ಯಾಯ ಓದಿಸಿ ಕೇಳಿ, ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜೋತಮ್ಮಗಳ ಭಾಗಕ್ಕೆ ಬಂದಾಗ ಇಲ್ಲಿ ಬಂದು ಬರೆಯಿರಿ, ಅದರ ಬಗ್ಗೆ ಇನ್ನೂ ಮಾತಾಡುವುದಿದೆ.